ಗಾಳಿಗೆ ಓಡುವ ರೆಕ್ಕೆ, ಗಾಳಿ ಬೀಸುವ ರೆಕ್ಕೆ

(ಬೀದರಿನ ಕಾಲೇಜೊಂದರಲ್ಲಿ ವಿಜ್ಞಾನ ದಿನದಂದು ಕೊಟ್ಟ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ವಿಮಾನ ಮತ್ತು ಹೆಲಿಕಾಪ್ಟರ್ ಬಗ್ಗೆ ಮಾತಾಡಬೇಕೆಂದು ಪ್ರಾಚಾರ್ಯರು ಹೇಳಿದ ದಿನ ಸಂಜೆ, ನಮ್ಮ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಕೇಳಿದೆ: ‘ನಿಮಗ ಏನು ತಿಳ್ಕೋಬೇಕಾಗ್ಯಾದ?’ ಏಳನೇ ತರಗತಿಯ ಒಬ್ಬ ಹುಡುಗಿ ತಟ್ಟನೆ ಕೇಳಿದಳು: ‘ಅಜ್ಜಾ, ಕಲಬುರಗಿದಾಗ ವಿಮಾನಕ್ಕ ಅಷ್ಟುದ್ದ ರಸ್ತಾ ಯಾಕ ಬೇಕು? ಎಲೆಕ್ಷನ್‌ದಾಗ ಬಂದ ಹೆಲಿಕಾಪ್ಟರ್ ನಮ್ಮ ಸಾಲಿ ಮೈದಾನದಾಗೇ ಇಳೀತಲ್ಲ?’

ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ, ಎಂದರೆ ವಿಮಾನದ ಮೈ, ರೆಕ್ಕೆ ನೋಡಿಕೊಳ್ಳುವವನಾಗಿ ಇಪ್ಪತ್ತು ವರ್ಷ ದುಡಿದಿದ್ದೇನೆ. ಮೊದಲು ಇದೇ ಬೀದರಿನಲ್ಲಿ ಕಿರಣ್ ತರಬೇತಿ ವಿಮಾನಗಳ ಮೇಲೆ, ಆಮೇಲೆ ಲೇಹ್‌ನಲ್ಲಿ ಚೀತಾ ಹೆಲಿಕಾಪ್ಟರ್‌ಗಳ ಮೇಲೆ. ಆ ಹುಡುಗಿಯ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆ ನನಗೆ ಹೊಳೆಯಲಿಲ್ಲ. ಇವತ್ತಿನ ಮಾತೆಲ್ಲ ಅದಕ್ಕೇ ಉತ್ತರ.

ಶ್ರೀನಿವಾಸ ಸರಡಗಿ ಹತ್ತಿರದ ಕಲಬುರಗಿ ವಿಮಾನ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ರಂದು. ಅದರ ರನ್‌ವೇ ಮೂರು ಕಿಲೋಮೀಟರ್‌ಗಿಂತ ಉದ್ದ. ಹೆಲಿಕಾಪ್ಟರ್ ಬರುವುದಿದ್ದರೆ ಏನು ಮಾಡುತ್ತಾರೆ, ನೀವೆಲ್ಲ ನೋಡಿದ್ದೀರಿ. ಮೈದಾನದಲ್ಲಿ ಸುಣ್ಣದಿಂದ ಒಂದು ವೃತ್ತ ಹಾಕಿ ನಡುವೆ ‘ಎಚ್’ ಬರೆಯುತ್ತಾರೆ. ಬೆಳಿಗ್ಗೆ ಟ್ಯಾಂಕರ್ ತಂದು ನೀರು ಹೊಡೆದು ಧೂಳು ಅಡಗಿಸುತ್ತಾರೆ. ಉತ್ತರದ ಅರ್ಧ ಆ ಟ್ಯಾಂಕರ್ ನೀರಿನಲ್ಲೇ ಇದೆ. ಧೂಳು ಏಳುವುದು ಯಾಕೆ? ಹೆಲಿಕಾಪ್ಟರ್ ತನಗೆ ಬೇಕಾದ ಗಾಳಿಯನ್ನು ತಾನೇ ಬೀಸಿಕೊಳ್ಳುತ್ತದೆ, ಅದಕ್ಕೆ.

ನಾನು ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಒಕ್ಕಲುತನದ ಮನೆಯಲ್ಲಿ. ಕಣದಲ್ಲಿ ರಾಶಿ ಮಾಡುವಾಗ ಅಪ್ಪ ಎತ್ತರದಲ್ಲಿ ನಿಂತು ಮೊರದಲ್ಲಿ ಕಾಳು ತುಂಬಿಕೊಂಡು ತೂರುತ್ತಿದ್ದ. ಗಾಳಿ ಇದ್ದರೆ ಕೆಲಸ ಸಲೀಸು. ಹೊಟ್ಟು ಅತ್ತ ಹಾರಿತು, ಕಾಳು ಇತ್ತ ಬಿತ್ತು. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಗಾಳಿ ಬಿದ್ದುಹೋದರೆ ನಾನೂ ಅಣ್ಣನೂ ಒಂದು ಚಾದರ ಹಿಡಿದು ಎರಡೂ ಕಡೆಯಿಂದ ಜೋರಾಗಿ ಬೀಸಬೇಕಿತ್ತು. ಅರ್ಧ ಚೀಲ ಮುಗಿಯುವಷ್ಟರಲ್ಲಿ ರಟ್ಟೆ ಸೋತುಹೋಗುತ್ತಿದ್ದವು. ವಿಮಾನ ಗಾಳಿಯನ್ನು ಹುಡುಕಿಕೊಂಡು ಓಡುತ್ತದೆ. ಹೆಲಿಕಾಪ್ಟರ್ ನಿಂತಲ್ಲೇ ಚಾದರ ಬೀಸುತ್ತದೆ. ವೇಗ, ಇಂಧನ, ಚಾಲನೆ, ಅಪಾಯ, ಎಲ್ಲ ವ್ಯತ್ಯಾಸಗಳೂ ಇಲ್ಲಿಂದಲೇ ಹೊರಡುತ್ತವೆ.

ರೆಕ್ಕೆ ಮಾಡುವ ಕೆಲಸ ಎರಡರಲ್ಲೂ ಒಂದೇ. ಹುಮನಾಬಾದ್ ಬಸ್ಸಿನಲ್ಲಿ ಕಿಟಕಿಯ ಹೊರಗೆ ಅಂಗೈ ಚಾಚಿ, ಮುಂದಿನ ಅಂಚನ್ನು ಸ್ವಲ್ಪ ಮೇಲಕ್ಕೆತ್ತಿದರೆ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ನೀವು ಗಾಳಿಯನ್ನು ಕೆಳಕ್ಕೆ ತಳ್ಳಿದಿರಿ, ಗಾಳಿ ನಿಮ್ಮ ಕೈಯನ್ನು ಮೇಲಕ್ಕೆ ತಳ್ಳಿತು. ನ್ಯೂಟನ್‌ನ ಮೂರನೇ ನಿಯಮ. ಮಕ್ಕಳೇ, ಬಸ್ಸಿನಲ್ಲಿ ಇದನ್ನು ಮಾಡಬೇಡಿ, ಮನಸ್ಸಿನಲ್ಲಿ ಮಾಡಿ ನೋಡಿ. ಇಲ್ಲಿ ಒಂದು ತಪ್ಪು ಕಲ್ಪನೆ ತಿದ್ದಬೇಕು. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿ ದೂರದ ದಾರಿ ಹಿಡಿಯುತ್ತದೆ, ಕೆಳಗಿನ ಗಾಳಿಯ ಜೊತೆಗೇ ತುದಿ ಮುಟ್ಟಬೇಕಾದ್ದರಿಂದ ಬೇಗ ಓಡುತ್ತದೆ ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಮೇಲಿನ ಗಾಳಿ ಬೇಗ ಓಡುವುದು ನಿಜ, ಅಲ್ಲಿ ಒತ್ತಡ ಕಡಿಮೆಯಾಗುವುದೂ ನಿಜ. ಎರಡೂ ಒಟ್ಟಿಗೆ ತುದಿ ಮುಟ್ಟಬೇಕೆಂಬ ಕಟ್ಟಳೆ ಮಾತ್ರ ಎಲ್ಲೂ ಇಲ್ಲ. ಉಬ್ಬೇ ಎಲ್ಲವನ್ನೂ ಮಾಡುವುದಾದರೆ ತಲೆಕೆಳಗಾದ ವಿಮಾನ ನೆಲಕ್ಕೆ ಬೀಳಬೇಕಿತ್ತು. ಬೀದರಿನವರಿಗೆ ಇದಕ್ಕೆ ಪುರಾವೆ ಪುಸ್ತಕದಲ್ಲಿ ಬೇಕಿಲ್ಲ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೇ ಇಲ್ಲಿ. ಮೊದಲು ಕಿರಣ್, ಈಗ ಹಾಕ್ ವಿಮಾನ. ಅವರು ನಮ್ಮ ಕೋಟೆಯ ಆಚೆ ಮಗುಚಿಕೊಂಡು ಹಾರುವುದನ್ನು ನೀವು ಮಾಳಿಗೆಯ ಮೇಲೆ ನಿಂತು ನೋಡಿದವರು. ರೆಕ್ಕೆ ಗಾಳಿಗೆ ಯಾವ ಕೋನದಲ್ಲಿ ಎದುರಾಗುತ್ತದೆ ಎಂಬುದು ಅಷ್ಟು ಮುಖ್ಯ.

ವಿಮಾನದಲ್ಲಿ ಆ ರೆಕ್ಕೆ ಮೈಗೆ ಬಿಗಿದಿದೆ. ಗಾಳಿ ಬೇಕೆಂದರೆ ಇಡೀ ವಿಮಾನವೇ ಓಡಬೇಕು. 70 ಜನ ಕೂರುವ ಎಟಿಆರ್ ನೆಲ ಬಿಡಲು ಗಂಟೆಗೆ ಸುಮಾರು 200 ಕಿ.ಮೀ. ವೇಗ ಬೇಕು. ಆ ವೇಗ ಕೂಡುವಷ್ಟು ನೆಲ, ನಡುವೆ ತೊಂದರೆಯಾದರೆ ನಿಲ್ಲಿಸುವಷ್ಟು ನೆಲ, ಎರಡೂ ಸೇರಿ ರನ್‌ವೇ ಉದ್ದವಾಗುತ್ತದೆ. ಹೆಲಿಕಾಪ್ಟರಿನಲ್ಲಿ ಮೈ ನಿಂತಿದ್ದರೂ ರೆಕ್ಕೆ ಓಡುತ್ತಿರುತ್ತದೆ. ತಲೆಯ ಮೇಲೆ ತಿರುಗುವ ಒಂದೊಂದು ಬ್ಲೇಡೂ ಉದ್ದನೆಯ, ಕಿರಿದಾದ ರೆಕ್ಕೆಯೇ. ಅದನ್ನು ಫ್ಯಾನ್ ಎನ್ನಬೇಡಿ, ರೆಕ್ಕೆ ಎನ್ನಿ. ಅರ್ಧ ವಿಷಯ ಆಗಲೇ ತಿಳಿದುಬಿಡುತ್ತದೆ. ಈ ಬ್ಲೇಡುಗಳೆಲ್ಲ ಸೇರಿದ ಚಕ್ರಕ್ಕೆ ರೋಟರ್ ಎನ್ನುತ್ತಾರೆ.

ಕೇಳಲು ಇಷ್ಟು ಸರಳ. ಆದರೆ ರೈಟ್ ಸಹೋದರರು 1903ರ ಡಿಸೆಂಬರ್ 17ರಂದು 12 ಸೆಕೆಂಡ್ ಹಾರಿದ ಮೇಲೆ, ಇಗೋರ್ ಸಿಕೋರ್ಸ್ಕಿಯ ವಿಎಸ್-300 ಹೆಲಿಕಾಪ್ಟರ್ ನೆಲ ಬಿಟ್ಟು ಏಳಲು 1939 ಬರಬೇಕಾಯಿತು. ನಡುವೆ ಬೇರೆಯವರೂ ಹೆಲಿಕಾಪ್ಟರ್ ಹಾರಿಸಿದ್ದರು, ಆದರೆ ತಲೆಗೊಂದು ದೊಡ್ಡ ರೋಟರ್, ಬಾಲಕ್ಕೊಂದು ಸಣ್ಣ ರೋಟರ್ ಎಂಬ ನಾವು ಇಂದು ಕಾಣುವ ರೂಪ ಗಟ್ಟಿಯಾದದ್ದು ಅವನ ಕೈಯಲ್ಲಿ. ಇಷ್ಟು ವರ್ಷ ಹಿಡಿಯಲು ಕಾರಣ ಎಂಜಿನ್ ಒಂದೇ ಅಲ್ಲ. ಗೋಡೆಗೆ ಡ್ರಿಲ್ ಹಾಕುವಾಗ ಬಿಟ್ ಸಿಕ್ಕಿಕೊಂಡರೆ ನಿಮ್ಮ ಮಣಿಕಟ್ಟೇ ತಿರುಚಿಕೊಳ್ಳುತ್ತದಲ್ಲ, ಅದೇ ಇಲ್ಲೂ. ಎಂಜಿನ್ ರೋಟರನ್ನು ಒಂದು ಕಡೆ ತಿರುಗಿಸಿದರೆ ಹೆಲಿಕಾಪ್ಟರಿನ ಮೈ ಎದುರು ದಿಕ್ಕಿಗೆ ತಿರುಗಲು ಹೋಗುತ್ತದೆ. ಬಾಲದ ರೋಟರ್ ಇರುವುದು ಅದನ್ನು ಅಡ್ಡಕ್ಕೆ ತಳ್ಳಿ ಹಿಡಿಯಲು.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ, ನನಗೆ ಬಹಳ ಇಷ್ಟವಾದದ್ದೂ ಹೌದು. ಬ್ಲೇಡಿನ ತುದಿ ಗಂಟೆಗೆ 750 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ ಎಂದುಕೊಳ್ಳಿ. ಹೆಲಿಕಾಪ್ಟರ್ 250ರ ವೇಗದಲ್ಲಿ ಮುಂದೆ ಹೊರಟಿತು. ಒಂದು ಪಕ್ಕದಲ್ಲಿ ಬ್ಲೇಡ್ ಗಾಳಿಗೆ ಎದುರಾಗಿ ಬರುತ್ತದೆ, ಅದಕ್ಕೆ ಸಿಗುವ ಗಾಳಿ 1,000. ಇನ್ನೊಂದು ಪಕ್ಕದಲ್ಲಿ ಹಿಂದೆ ಸರಿಯುತ್ತದೆ, ಸಿಗುವುದು 500 ಮಾತ್ರ. ಒಂದು ಪಕ್ಕ ಎತ್ತುತ್ತದೆ, ಇನ್ನೊಂದು ಕುಸಿಯುತ್ತದೆ. ಹಾಗೇ ಬಿಟ್ಟರೆ ಹೆಲಿಕಾಪ್ಟರ್ ಹೊರಳಿಬೀಳುತ್ತದೆ. ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವಾ 1920ರ ದಶಕದಲ್ಲಿ ಗಾಳಿಗೇ ತಿರುಗುವ ರೋಟರ್ ಇದ್ದ ತನ್ನ ಆಟೋಜೈರೊ ಎಂಬ ವಿಮಾನದಲ್ಲಿ ಬ್ಲೇಡಿನ ಬುಡಕ್ಕೆ ಬಾಗಿಲಿನ ಕೀಲಿನಂಥ ಒಂದು ಕೀಲು ಕೊಟ್ಟ. ಹೆಚ್ಚು ಗಾಳಿ ಸಿಕ್ಕ ಬ್ಲೇಡ್ ಮೇಲಕ್ಕೆದ್ದು ಕೋನ ಕಳೆದುಕೊಳ್ಳುತ್ತದೆ, ಕಡಿಮೆ ಸಿಕ್ಕದ್ದು ಕೆಳಗಿಳಿದು ಕೋನ ಪಡೆಯುತ್ತದೆ. ಎರಡೂ ಪಕ್ಕ ಸರಿತೂಗುತ್ತವೆ. ಆದರೆ ಇದಕ್ಕೂ ಮಿತಿ ಇದೆ. ವೇಗ ಇನ್ನೂ ಏರಿದರೆ ಮುಂದೆ ಬರುವ ಬ್ಲೇಡ್ ಶಬ್ದದ ವೇಗಕ್ಕೆ ಹತ್ತಿರವಾಗುತ್ತದೆ, ಹಿಂದೆ ಸರಿಯುವ ಬ್ಲೇಡಿಗೆ ಗಾಳಿಯೇ ಸಾಲದು. 1986ರಲ್ಲಿ ಬ್ರಿಟನ್ನಿನ ಲಿಂಕ್ಸ್ ಹೆಲಿಕಾಪ್ಟರ್ ಗಂಟೆಗೆ 400 ಕಿ.ಮೀ. ಮುಟ್ಟಿದ್ದು ದಾಖಲೆಯಾಗಿ ಉಳಿಯಿತು. ಹೈದರಾಬಾದಿನಿಂದ ದೆಹಲಿಗೆ ಹೋಗುವ ಸಾಮಾನ್ಯ ಪ್ರಯಾಣಿಕ ಜೆಟ್ ಅದರ ಎರಡು ಪಟ್ಟು ವೇಗದಲ್ಲಿ ದಿನವೂ ಹಾರುತ್ತದೆ.

ಇನ್ನು ಚಾಲನೆ. ವಿಮಾನದಲ್ಲಿ ರೆಕ್ಕೆ, ಬಾಲಗಳ ಅಂಚಿಗೆ ಸಣ್ಣ ಹಲಗೆಗಳಿವೆ. ಕೋಲು ಎಡಕ್ಕೆ ಬಲಕ್ಕೆ ಆಡಿಸಿದರೆ ರೆಕ್ಕೆಯ ಏಲೆರಾನ್ ಆಡಿ ವಿಮಾನ ಪಕ್ಕಕ್ಕೆ ವಾಲುತ್ತದೆ, ಹಿಂದಕ್ಕೆ ಎಳೆದರೆ ಬಾಲದ ಎಲಿವೇಟರ್ ಏರಿ ಮೂತಿ ಏಳುತ್ತದೆ, ಕಾಲಿನಲ್ಲಿ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್. ಒಳ್ಳೆಯ ವಿಮಾನವನ್ನು ಸರಿಯಾಗಿ ಟ್ರಿಮ್ ಮಾಡಿ, ಎಂದರೆ ಸಮತೋಲಕ್ಕೆ ಹೊಂದಿಸಿ ಕೈಬಿಟ್ಟರೆ ಅದು ನೇರ ದಾರಿಯಲ್ಲಿ ಹೋಗುತ್ತಿರುತ್ತದೆ. ದಾರಿ ಬಲ್ಲ ಎತ್ತಿನ ಹಾಗೆ.

ಹೆಲಿಕಾಪ್ಟರ್ ಹಾಗಲ್ಲ. ಪೈಲಟ್‌ನ ಎಡಗೈಯಲ್ಲಿ ಕಾರಿನ ಹ್ಯಾಂಡ್‌ಬ್ರೇಕಿನಂಥ ಕಲೆಕ್ಟಿವ್ ಇದೆ. ಅದನ್ನು ಎತ್ತಿದರೆ ಎಲ್ಲ ಬ್ಲೇಡುಗಳ ಕೋನ ಒಟ್ಟಿಗೆ ಹೆಚ್ಚಿ ಹೆಲಿಕಾಪ್ಟರ್ ಮೇಲೇಳುತ್ತದೆ. ಬಲಗೈಯಲ್ಲಿ ಸೈಕ್ಲಿಕ್ ಎಂಬ ಕೋಲು. ಅದನ್ನು ಮುಂದಕ್ಕೆ ತಳ್ಳಿದರೆ ಪ್ರತಿ ಬ್ಲೇಡಿನ ಕೋನವೂ ಸುತ್ತಿನ ಒಂದು ಕಡೆ ಹೆಚ್ಚಿ ಇನ್ನೊಂದು ಕಡೆ ತಗ್ಗುತ್ತದೆ, ರೋಟರಿನ ತಟ್ಟೆಯೇ ಮುಂದಕ್ಕೆ ಬಾಗುತ್ತದೆ, ಹೆಲಿಕಾಪ್ಟರ್ ಅತ್ತ ಹೊರಡುತ್ತದೆ. ಕಾಲಿನಲ್ಲಿ ಬಾಲದ ರೋಟರಿನ ಪೆಡಲ್. ಈಗ ನೋಡಿ: ಕಲೆಕ್ಟಿವ್ ಎತ್ತಿದರೆ ಎಂಜಿನ್ ಹೆಚ್ಚು ತಿರುಚುತ್ತದೆ, ಅದಕ್ಕೆ ಪೆಡಲ್ ಒತ್ತಬೇಕು, ಪೆಡಲ್ ಒತ್ತಿದರೆ ಬಾಲ ಇಡೀ ಹೆಲಿಕಾಪ್ಟರನ್ನು ಅಡ್ಡಕ್ಕೆ ತಳ್ಳುತ್ತದೆ, ಅದಕ್ಕೆ ಸೈಕ್ಲಿಕ್ ತಿದ್ದಬೇಕು, ಸೈಕ್ಲಿಕ್ ತಿದ್ದಿದರೆ ಎತ್ತುವ ಬಲ ತುಸು ತಗ್ಗುತ್ತದೆ, ಮತ್ತೆ ಕಲೆಕ್ಟಿವ್. ಒಂದನ್ನು ಮುಟ್ಟಿದರೆ ಉಳಿದವೆಲ್ಲ ಅಲುಗುತ್ತವೆ. ಹೊಸ ಹೆಲಿಕಾಪ್ಟರುಗಳಲ್ಲಿ ಆಟೋಪೈಲಟ್ ನೆರವಿಗಿದೆ. ನಮ್ಮ ಚೀತಾದಲ್ಲಿ ಆ ನೆರವು ಇರಲಿಲ್ಲ. ಒಂದೇ ಕಡೆ ಅಲುಗಾಡದೆ ನಿಂತ ಚೀತಾ ಒಳಗೆ ಪೈಲಟ್‌ನ ಕೈ ನೋಡಿದ್ದೇನೆ; ಅದು ಒಂದು ಕ್ಷಣವೂ ಸುಮ್ಮನಿರಲಿಲ್ಲ, ಆದರೆ ಚಲನೆ ಕೂದಲೆಳೆಯಷ್ಟು. ಕೊಡ ಹೊತ್ತು ಕೈಬಿಟ್ಟು ನಡೆಯುವ ಹೆಣ್ಣುಮಕ್ಕಳ ಕತ್ತಿನ ಹಾಗೆ.

ನೆಲದ ಮೇಲಿನ ನಮ್ಮ ಕೆಲಸವೂ ಅಷ್ಟೇ ಬೇರೆ. ಕಿರಣ್‌ನಲ್ಲಿ ರೆಕ್ಕೆಯ ಮುಂದಂಚಿನ ಮೇಲೆ ಅಂಗೈ ಸವರಿ, ಎಲ್ಲಾದರೂ ತಗ್ಗು ಬಿದ್ದಿದೆಯೇ, ರಿವೆಟ್ ಸಡಿಲಾಗಿದೆಯೇ ಎಂದು ಬೆರಳಲ್ಲೇ ಓದುತ್ತಿದ್ದೆವು. ಚೀತಾದಲ್ಲಿ ಅದರ ಜೊತೆಗೆ ಟ್ರ್ಯಾಕಿಂಗ್ ಎಂಬ ಕೆಲಸ. ಮೂರು ಬ್ಲೇಡುಗಳೂ ಒಂದೇ ಮಟ್ಟದಲ್ಲಿ ತಿರುಗಬೇಕು; ಒಂದು ತುಸು ಮೇಲೆ ಕೆಳಗೆ ಆದರೂ ಇಡೀ ಹೆಲಿಕಾಪ್ಟರ್ ನಡುಗುತ್ತದೆ. ಹಳೆಯ ವಿಧಾನದಲ್ಲಿ ಮೂರು ಬ್ಲೇಡಿನ ತುದಿಗೆ ಮೂರು ಬಣ್ಣದ ಸೀಮೆಸುಣ್ಣ ಬಳಿಯುತ್ತಾರೆ. ರೋಟರ್ ಪೂರ್ತಿ ವೇಗಕ್ಕೆ ಬಂದ ಮೇಲೆ, ಕೋಲಿಗೆ ಬಿಗಿದ ಕ್ಯಾನ್ವಾಸ್ ಬಟ್ಟೆಯನ್ನು ನಿಧಾನವಾಗಿ ಹತ್ತಿರ ಒಯ್ಯಬೇಕು. ತುದಿಗಳು ಬಟ್ಟೆಯನ್ನು ಸವರಿದ್ದೇ ತಡ, ಹಿಂದಕ್ಕೆ. ಮೊದಲ ಸಲ ಆ ಕೋಲು ಹಿಡಿದಾಗ ‘ಟಪ್’ ಎಂಬ ಒಂದೇ ಸದ್ದು ಕೇಳಿಸಿತು, ತೋಳಿನವರೆಗೂ ಅದರ ಹೊಡೆತ ಬಂತು. ಬಟ್ಟೆ ಬಿಡಿಸಿ ನೋಡಿದರೆ ಕೆಂಪು, ನೀಲಿ ಒಂದರ ಮೇಲೊಂದು; ಹಳದಿ ಒಂದು ಬೆರಳು ಕೆಳಗೆ. ಹಳದಿ ಬ್ಲೇಡಿನ ಕೋನ ಹೊಂದಿಸುವ ಪಿಚ್ ಲಿಂಕ್ ಎಂಬ ಕಡ್ಡಿಯನ್ನು ತುಸು ತಿರುಗಿಸಿ ಮತ್ತೆ ಹಿಡಿದೆವು. ಮೂರನೇ ಸಲಕ್ಕೆ ಮೂರು ಬಣ್ಣ ಸೇರಿ ಒಂದೇ ಗೆರೆಯಾಯಿತು. ಇಷ್ಟು ವರ್ಷವಾದರೂ ಆ ಗೆರೆ ನನ್ನ ಕಣ್ಣಿನಿಂದ ಹೋಗಿಲ್ಲ.

ಎಂಜಿನ್ ನಿಂತರೆ ಏನು ಗತಿ? ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮೊದಲು ವಿಮಾನ ನೋಡೋಣ. 1983ರ ಜುಲೈ 23ರಂದು ಕೆನಡಾದಲ್ಲಿ ಬೋಯಿಂಗ್ 767 ವಿಮಾನವೊಂದರ ಇಂಧನ 41,000 ಅಡಿ ಎತ್ತರದಲ್ಲಿ ಹಾರುವಾಗ ಮುಗಿಯಿತು. ಕಿಲೋಗ್ರಾಂ ಲೆಕ್ಕದಲ್ಲಿ ತುಂಬಬೇಕಾದ ಇಂಧನವನ್ನು ಪೌಂಡ್ ಲೆಕ್ಕದಲ್ಲಿ ತುಂಬಿದ್ದರು. ವಿದ್ಯಾರ್ಥಿಗಳೇ, ಉತ್ತರದ ಮುಂದೆ ಏಕಮಾನ ಬರೆಯಿರಿ ಎಂದು ನಿಮ್ಮ ಮೇಷ್ಟ್ರು ಬಡಿದುಕೊಳ್ಳುವುದು ಇದಕ್ಕೇ. ಆ ವಿಮಾನ ತೇಲುತ್ತಲೇ ಬಂದು ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇಯಲ್ಲಿ ಇಳಿಯಿತು. ಅದರಲ್ಲಿದ್ದ 69 ಜನರೂ ಬದುಕಿದರು. ರೆಕ್ಕೆ ಮೈಗೆ ಬಿಗಿದಿರುವುದರ ಲಾಭ ಇದು: ವೇಗ ಇರುವವರೆಗೆ ಗಾಳಿ ಇದೆ.

ಹೆಲಿಕಾಪ್ಟರ್ ಪೈಲಟ್ ಎಂಜಿನ್ ನಿಂತ ತಕ್ಷಣ ಕಲೆಕ್ಟಿವ್ ಪೂರ್ತಿ ಕೆಳಗಿಳಿಸುತ್ತಾನೆ. ಬ್ಲೇಡುಗಳ ಕೋನ ತಗ್ಗುತ್ತದೆ. ಈಗ ಹೆಲಿಕಾಪ್ಟರ್ ಕೆಳಗಿಳಿಯುತ್ತಿದೆ, ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿದೆ. ಇದಕ್ಕೆ ಆಟೋರೊಟೇಷನ್ ಎನ್ನುತ್ತಾರೆ. ನೆಲ ಹತ್ತಿರವಾದಾಗ ಮೂತಿ ಎತ್ತಿ ವೇಗ ಮುರಿದು, ಕೊನೆಯ ಗಳಿಗೆಯಲ್ಲಿ ಕಲೆಕ್ಟಿವ್ ಎತ್ತಿದರೆ ರೋಟರಿನಲ್ಲಿ ಉಳಿದ ಶಕ್ತಿಯಿಂದ ಮೆತ್ತಗೆ ಇಳಿಯಬಹುದು. ಆ ಅವಕಾಶ ಒಂದೇ ಸಲ. ಎತ್ತರವೂ ಇಲ್ಲ ವೇಗವೂ ಇಲ್ಲ ಎಂಬ ಸ್ಥಿತಿಯಲ್ಲಿ ಎಂಜಿನ್ ನಿಂತರೆ ಆ ಅವಕಾಶವೂ ಇರುವುದಿಲ್ಲ.

1972ರ ಜೂನ್ 21ರಂದು ಫ್ರಾನ್ಸಿನ ಝ್ಯಾನ್ ಬುಲೆ ಲಾಮಾ ಎಂಬ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದರು. ಎವರೆಸ್ಟ್ ಶಿಖರಕ್ಕಿಂತ ಮೂರೂವರೆ ಕಿಲೋಮೀಟರ್ ಮೇಲೆ. ಅಲ್ಲಿ ಎಂಜಿನ್ ನಂದಿತು, ಮತ್ತೆ ಹೊತ್ತಲಿಲ್ಲ. ಅಷ್ಟೂ ಎತ್ತರವನ್ನು ಆಟೋರೊಟೇಷನ್‌ನಲ್ಲೇ ಇಳಿದು ಕ್ಷೇಮವಾಗಿ ನೆಲ ಮುಟ್ಟಿದರು. ಆ ಲಾಮಾ ರೂಪುಗೊಂಡದ್ದು ಭಾರತದ ಸೇನೆಗೆ ಹಿಮಾಲಯದಲ್ಲಿ ಹಾರಬಲ್ಲ ಹೆಲಿಕಾಪ್ಟರ್ ಬೇಕೆಂದು. ಅದನ್ನೇ ಬೆಂಗಳೂರಿನ ಎಚ್‌ಎಎಲ್ ಚೀತಾ ಎಂಬ ಹೆಸರಿನಲ್ಲಿ ತಯಾರಿಸಿತು. ನಾನು ಸೀಮೆಸುಣ್ಣ ಬಳಿದದ್ದು ಅದರ ಬ್ಲೇಡಿಗೇ.

ಸಿಯಾಚಿನ್ ಚೌಕಿಗಳಿಗೆ ಚೀತಾ ಹೋಗುವಾಗ ಕೊಂಡೊಯ್ಯುವುದು ಬಹಳ ಕಡಿಮೆ, ಕೆಲವೊಮ್ಮೆ ಒಂದೆರಡು ಡಬ್ಬಿ ಸೀಮೆಎಣ್ಣೆ. ಎತ್ತರದಲ್ಲಿ ಗಾಳಿ ತೆಳು, ಬೀಸಿದರೂ ಸಾಕಷ್ಟು ಸಿಗುವುದಿಲ್ಲ. ಬಿಸಿಲೂ ಗಾಳಿಯನ್ನು ತೆಳು ಮಾಡುತ್ತದೆ. ಕಲಬುರಗಿಯ ಮೇ ತಿಂಗಳ 43 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ 15 ಡಿಗ್ರಿಗಿಂತ ಸುಮಾರು ಶೇ. 9ರಷ್ಟು ಕಡಿಮೆ. ವಿಮಾನ ಇನ್ನಷ್ಟು ದೂರ ಓಡಬೇಕು. ಹೆಲಿಕಾಪ್ಟರ್ ಭಾರ ಇಳಿಸಬೇಕು.

ಒಂದು ಸೋಜಿಗ ಹೇಳುತ್ತೇನೆ. ನಿಂತಲ್ಲೇ ನಿಲ್ಲುವುದು ಹೆಲಿಕಾಪ್ಟರಿನ ಹೆಚ್ಚುಗಾರಿಕೆ, ಅದಕ್ಕೆ ಅತಿ ದುಬಾರಿಯಾದ ಕೆಲಸವೂ ಅದೇ. ತುಸು ಮುಂದೆ ಸಾಗಿ ಗಂಟೆಗೆ 30–40 ಕಿ.ಮೀ. ಮುಟ್ಟಿದ ಕೂಡಲೇ ರೋಟರಿಗೆ ಹೊಸ ಗಾಳಿ ಸಿಕ್ಕಿ ಅದು ತಾನಾಗಿ ಮೇಲೇಳತೊಡಗುತ್ತದೆ. ಕಣದಲ್ಲಿ ಚಾದರ ಬೀಸುವವನಿಗೆ ನಡುವೆ ಒಂದು ತಂಗಾಳಿ ಸಿಕ್ಕ ಹಾಗೆ. ಅದಕ್ಕೇ ದೂರದ ಪ್ರಯಾಣಕ್ಕೆ, ಹೆಚ್ಚು ಜನಕ್ಕೆ, ಹೆಚ್ಚು ಸರಕಿಗೆ ವಿಮಾನವೇ ಸರಿ. ಅಷ್ಟೇ ಇಂಧನದಲ್ಲಿ ಅದು ಹೆಚ್ಚು ದೂರ, ಹೆಚ್ಚು ಭಾರ ಒಯ್ಯುತ್ತದೆ. ಆದರೆ ಭೀಮೆ, ಕೃಷ್ಣೆ ಉಕ್ಕಿದಾಗ ಲೆಕ್ಕ ಬೇರೆ. ಯಾದಗಿರಿ ಜಿಲ್ಲೆಯ ನೀಲಕಂಠರಾಯನ ಗಡ್ಡಿಯಂಥ ನಡುಗಡ್ಡೆಯನ್ನು ನೆನೆಸಿಕೊಳ್ಳಿ. ಸುತ್ತ ನೀರು, ಮಾಳಿಗೆಯ ಮೇಲೆ ಬಾಣಂತಿ. ಅಲ್ಲಿ ಲೀಟರ್ ಲೆಕ್ಕ ಯಾರೂ ಕೇಳುವುದಿಲ್ಲ. ಗಾಳಿಯಲ್ಲಿ ಹತ್ತು ನಿಮಿಷ ನಿಂತು ಹಗ್ಗ ಇಳಿಸಬಲ್ಲದ್ದು ಯಾವುದೋ ಅದೇ ಬೇಕು. ನಮ್ಮ ರಾಜ್ಯದಲ್ಲೇ ಧ್ರುವ ಹೆಲಿಕಾಪ್ಟರ್ ತಯಾರಾಗಿ 1992ರಲ್ಲಿ ಮೊದಲ ಬಾರಿ ಹಾರಿತು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ ಶುರುವಾಗಿದೆ. ಈ ಕೋಣೆಯಲ್ಲಿ ಕೂತವರಲ್ಲಿ ಕೆಲವರಾದರೂ ಅಲ್ಲಿ ಕೆಲಸ ಮಾಡಬೇಕೆಂಬುದು ನನ್ನ ಆಸೆ, ಅದನ್ನು ಮುಚ್ಚಿಡುವುದಿಲ್ಲ.

ಈ ಚೀಲದಲ್ಲಿ ಮಹಾಗನಿ ಬೀಜಗಳಿವೆ. ಇವತ್ತು ಬೆಳಿಗ್ಗೆ ನಿಮ್ಮ ಕಾಲೇಜಿನ ಹಿಂದಿನ ಮರದ ಕೆಳಗೇ ಆರಿಸಿದ್ದು. ಒಂದು ತುದಿಗೆ ಕಾಳು, ಇನ್ನೊಂದಕ್ಕೆ ಕಂದು ಬಣ್ಣದ ತೆಳು ರೆಕ್ಕೆ. ಎಂಜಿನ್ ಇಲ್ಲದೆ ಗರಗರ ತಿರುಗುತ್ತ ಇಳಿಯುತ್ತದೆ. ಬುಲೆ ಅವರ ಲಾಮಾ ಇಳಿದದ್ದೂ ಹೀಗೆಯೇ. ಎಲ್ಲರೂ ಎರಡೆರಡು ತೆಗೆದುಕೊಳ್ಳಿ. ಒಂದರ ರೆಕ್ಕೆ ಮುರಿದುಬಿಡಿ, ಇನ್ನೊಂದನ್ನು ಹಾಗೇ ಇಡಿ. ಮೊದಲ ಮಹಡಿಯ ಮೊಗಸಾಲೆಯಿಂದ ಎರಡನ್ನೂ ಒಟ್ಟಿಗೆ ಬಿಡಿ. ಕೆಳಗೆ ಒಬ್ಬರು ಗಡಿಯಾರ ಹಿಡಿದು ನಿಂತಿರಲಿ. ಬನ್ನಿ, ಪ್ರಶ್ನೆಗಳನ್ನು ಅಲ್ಲೇ ಕೇಳೀರಂತೆ.