ಮೆಷಿನ್ ಆಲ್ಬಂ ಅಂತೀರಾ? ‘ಹಿಸ್ಟೀರಿಯಾ’ ಬಗ್ಗೆ ನನ್ನದೊಂದು ತಕರಾರು

ನಮಸ್ಕಾರ. ಹಾರ್ಡ್ ರಾಕ್ ಕೇಳುವವರ ನಡುವೆ ಮೂವತ್ತೈದು ವರ್ಷಕ್ಕೂ ಜಾಸ್ತಿ ಕಾಲದಿಂದ ನಡೆಯುತ್ತಿರುವ ಒಂದು ಜಗಳಕ್ಕೆ ಇವತ್ತು ನಾನೂ ತಲೆ ಹಾಕುತ್ತಿದ್ದೇನೆ. ಡೆಫ್ ಲೆಪರ್ಡ್ ಬ್ಯಾಂಡಿನ ‘ಹಿಸ್ಟೀರಿಯಾ’. 1987ರ ಆಗಸ್ಟ್ 3ರಂದು ಬಂದ ಆಲ್ಬಂ. ಅದರ ಹೆಸರು ಎತ್ತಿದರೆ ಸಾಕು, ಯಾರಾದರೊಬ್ಬರು ಮೂಗು ಮುರಿಯುತ್ತಾರೆ. ‘ಅದು ರಾಕ್ ಅಲ್ಲ ಬಿಡಿ, ಪ್ಲಾಸ್ಟಿಕ್. ಎಲ್ಲಾ ಮೆಷಿನ್ನೇ ಮಾಡಿದ್ದು.’

ಮೆಷಿನ್ ಇದ್ದದ್ದು ನಿಜ. ಆದರೆ ಮೆಷಿನ್ ಇತ್ತು ಅಂದ ಮಾತ್ರಕ್ಕೆ ಕೆಲಸ ಸಲೀಸಾಗಿ ಆಗಿಹೋಯಿತು, ಯಾರೂ ಬೆವರು ಸುರಿಸಲೇ ಇಲ್ಲ ಅಂದುಕೊಳ್ಳುತ್ತಾರಲ್ಲ, ಅಲ್ಲೇ ನನ್ನ ತಕರಾರು ಇರುವುದು. ನಾನು ಕೇಳಿದ ಹಾರ್ಡ್ ರಾಕ್ ಆಲ್ಬಂಗಳಲ್ಲಿ ಇಷ್ಟು ಹಟ ಹಿಡಿದು, ಇಷ್ಟು ಒದ್ದಾಡಿ ಮಾಡಿದ್ದು ಇನ್ನೊಂದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಇವರು ಇಂಗ್ಲೆಂಡಿನ ಶೆಫೀಲ್ಡ್‌ನ ಹುಡುಗರು. 1983ರಲ್ಲಿ ಇವರ ‘ಪೈರೋಮೇನಿಯಾ’ ಆಲ್ಬಂ ಅಮೆರಿಕದ ಚಾರ್ಟ್‌ನಲ್ಲಿ ಎರಡನೇ ಸ್ಥಾನದವರೆಗೂ ಹೋಯಿತು. ಮೊದಲನೆಯದು ಸಿಗಲಿಲ್ಲ. ಅಲ್ಲಿ ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ ಬೇರು ಬಿಟ್ಟು ಕೂತಿತ್ತು. ಆಗ ಇವರ ಪ್ರೊಡ್ಯೂಸರ್, ಅಂದರೆ ರೆಕಾರ್ಡಿಂಗ್‌ನ ಉಸ್ತುವಾರಿ ಹೊತ್ತ ಮಟ್ ಲ್ಯಾಂಗ್ ತಲೆಗೆ ಒಂದು ಹುಳ ಹೊಕ್ಕಿತು. ‘ಥ್ರಿಲ್ಲರ್’ನಿಂದ ಏಳು ಹಾಡು ಸಿಂಗಲ್ ಆಗಿ, ಅಂದರೆ ಬಿಡಿಯಾಗಿ, ಬಂದು ಏಳೂ ಹಿಟ್ ಆಗಿವೆ. ಹಾರ್ಡ್ ರಾಕ್‌ನಲ್ಲಿ ಅಂಥದ್ದು ಯಾಕೆ ಆಗಬಾರದು? ಜಾಗ ತುಂಬಿಸಲು ಒಂದು ಹಾಡೂ ಇರಬಾರದು, ಪ್ರತಿಯೊಂದೂ ಸಿಂಗಲ್ ಆಗುವಂತಿರಬೇಕು.

ಯೋಚನೆಯೇನೋ ಜೋರಾಗಿತ್ತು. ಆದರೆ ಒಂದಾದ ಮೇಲೊಂದು ಆಲ್ಬಂ ಮಾಡಿ ಬಳಲಿದ್ದ ಲ್ಯಾಂಗ್ ಶುರುವಿನಲ್ಲೇ ಕೈ ಎತ್ತಿದರು. ಆ ಜಾಗಕ್ಕೆ ಬಂದವರು ಜಿಮ್ ಸ್ಟೈನ್‌ಮನ್. ಮೀಟ್ ಲೋಫ್‌ನ ‘ಬ್ಯಾಟ್ ಔಟ್ ಆಫ್ ಹೆಲ್’ ಹಾಡುಗಳನ್ನು ಬರೆದವರು. ಬರೆದವರು ಅಂದೆ, ಗಮನಿಸಿ. ಅದನ್ನು ಪ್ರೊಡ್ಯೂಸ್ ಮಾಡಿದ್ದು ಟಾಡ್ ರಂಡ್‌ಗ್ರೆನ್. ನೆದರ್‌ಲೆಂಡ್ಸ್‌ನ ಹಿಲ್ವರ್ಸಮ್‌ನಲ್ಲಿರುವ ವಿಸೆಲೋರ್ಡ್ ಸ್ಟುಡಿಯೋದಲ್ಲಿ ಕೆಲಸಕ್ಕೆ ಕೂತರು, ಹೊಂದಾಣಿಕೆ ಆಗಲೇ ಇಲ್ಲ. ಎಲ್ಲರೂ ಸೇರಿ ನುಡಿಸಿದಾಗ ಬರುವ ಹಸಿ ಸದ್ದು ಸ್ಟೈನ್‌ಮನ್‌ಗೆ ಇಷ್ಟ. ಬ್ಯಾಂಡಿಗೆ ಬೇಕಿದ್ದದ್ದು ತಿದ್ದಿ ತೀಡಿದ, ಕಟ್ಟಡದಷ್ಟು ದೊಡ್ಡ ಸದ್ದು. ಕೊನೆಗೆ ದುಡ್ಡು ಕೊಟ್ಟು ಅವರನ್ನು ಕಳಿಸಿಕೊಟ್ಟರು. ಅಂದರೆ ಹಸಿ ಸದ್ದಿನ ದಾರಿ ಇವರ ಮುಂದೆ ತೆರೆದೇ ಇತ್ತು. ಅದು ಬೇಗ ಮುಗಿಯುವ ದಾರಿಯೂ ಹೌದು. ಬೇಡ ಅಂದವರು ಇವರೇ.

ಅಷ್ಟರಲ್ಲಿ 1984ರ ಡಿಸೆಂಬರ್ 31 ಬಂತು. ಶೆಫೀಲ್ಡ್ ಹೊರಗಿನ ರಸ್ತೆಯಲ್ಲಿ ಡ್ರಮ್ಮರ್ ರಿಕ್ ಅಲೆನ್ ಅವರ ಕಾರು ಅಪಘಾತಕ್ಕೀಡಾಯಿತು. ಎಡಗೈ ಕಿತ್ತುಹೋಯಿತು. ಡಾಕ್ಟರ್‌ಗಳು ಜೋಡಿಸಿದರು. ಸೋಂಕು ತಗುಲಿ ಮತ್ತೆ ತೆಗೆಯಬೇಕಾಯಿತು. ಆಗ ಅವರಿಗೆ 21 ವರ್ಷ.

ಇದನ್ನು ಎಲ್ಲರೂ ಛಲದ ಕಥೆಯಾಗಿ ಹೇಳುತ್ತಾರೆ. ಛಲ ಇಲ್ಲದೆ ಇದಾಗುತ್ತಿರಲಿಲ್ಲ, ಒಪ್ಪಿದೆ. ಆದರೆ ನನಗೆ ಜಾಸ್ತಿ ಕುತೂಹಲ ಇರುವುದು ಅವರು ಇದನ್ನು ಹೇಗೆ ಸಾಧಿಸಿದರು ಅನ್ನುವುದರಲ್ಲಿ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಹಾಸಿಗೆಯ ಕಾಲ ಕಡೆ ಒಂದು ಫೋಮ್ ತುಂಡು ಇತ್ತು. ಹಾಡು ಕೇಳುತ್ತಾ ಅದರ ಮೇಲೆ ಕಾಲಿನಿಂದಲೇ ತಾಳ ಹಾಕಲು ಶುರು ಮಾಡಿದರು. ಎಡಗೈ ಮಾಡುವ ಕೆಲಸವನ್ನು ಎಡಗಾಲಿಗೆ ಕೊಡಬಹುದಲ್ಲ ಅಂತ ಹೊಳೆದದ್ದು ಅಲ್ಲಿ. ಆಮೇಲೆ ಸಿಮನ್ಸ್ ಕಂಪನಿಯ ಎಲೆಕ್ಟ್ರಾನಿಕ್ ಕಿಟ್ ಬಂತು. ಎಡಗಾಲಿಗೆ ಪೆಡಲ್‌ಗಳ ಸಾಲು. ಒಂದನ್ನು ಒತ್ತಿದರೆ ಸ್ನೇರ್ (ಚಟ್ ಅನ್ನುವ ಚುರುಕು ಸದ್ದಿನ ಡ್ರಮ್), ಇನ್ನೊಂದನ್ನು ಒತ್ತಿದರೆ ಟಾಮ್ (ಗುಂಡು ಸದ್ದಿನ ಡ್ರಮ್).

ಕೇಳಲು ಸುಲಭ ಅನಿಸುತ್ತದೆ, ಅಲ್ವಾ? ಡ್ರಮ್ಸ್ ನುಡಿಸುವವರನ್ನು ಒಮ್ಮೆ ಗಮನಿಸಿ ನೋಡಿ. ರಾಕ್‌ನಲ್ಲಿ ನಾವು ತಲೆ ಅಲ್ಲಾಡಿಸುವ ಆ ಸ್ನೇರ್ ಪೆಟ್ಟು, ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಬೀಳುವುದು, ಸಾಮಾನ್ಯವಾಗಿ ಎಡಗೈಯದು. ಅದನ್ನು ಮಣಿಕಟ್ಟಿನಿಂದ ಹಿಮ್ಮಡಿಗೆ ಇಳಿಸಬೇಕು. ಕಾಲು ಭಾರ, ಕೈಯಷ್ಟು ಚುರುಕಲ್ಲ. ಬಾಲ್ಯದಿಂದ ಮೈಗೂಡಿದ್ದನ್ನೆಲ್ಲ ಮರೆತು ಮತ್ತೆ ಮೊದಲಿನಿಂದ ಕಲಿಯಬೇಕು. 1986ರಲ್ಲಿ ಐರ್ಲೆಂಡ್‌ನ ಸಣ್ಣ ಷೋಗಳಲ್ಲಿ ಬೆಂಬಲಕ್ಕೆ ಅಂತ ಸ್ಟೇಟಸ್ ಕ್ವೋ ಬ್ಯಾಂಡಿನ ಡ್ರಮ್ಮರ್ ಜೆಫ್ ರಿಚ್ ಅಲೆನ್ ಪಕ್ಕದಲ್ಲಿ ಎರಡನೇ ಕಿಟ್ ಇಟ್ಟುಕೊಂಡು ಕೂರುತ್ತಿದ್ದರು. ಒಂದು ದಿನ ರಿಚ್ ಬರುವುದು ತಡವಾಯಿತು. ಅಲೆನ್ ಒಬ್ಬರೇ ಷೋ ಶುರು ಮಾಡಿದರು, ನಿಭಾಯಿಸಿಯೇ ಬಿಟ್ಟರು. ಆ ವರ್ಷದ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಡೋನಿಂಗ್ಟನ್ ರಾಕ್ ಉತ್ಸವದ ದೊಡ್ಡ ವೇದಿಕೆಯ ಮೇಲೆ ಡ್ರಮ್ಸ್ ಹಿಂದೆ ಅವರೊಬ್ಬರೇ. ಅಂದಹಾಗೆ ಆಲ್ಬಂಗೆ ‘ಹಿಸ್ಟೀರಿಯಾ’ ಅಂತ ಹೆಸರು ಸೂಚಿಸಿದ್ದೂ ಅವರೇ.

ಈಗ ಮೆಷಿನ್ ವಿಷಯ. ‘ಡ್ರಮ್ಮರ್‌ಗೆ ಕೈ ಹೋಯಿತು, ಪಾಪ, ಅದಕ್ಕೇ ಮೆಷಿನ್ ಬಳಸಿದರು’ ಅಂತ ಸಮರ್ಥಿಸುವವರು ಇದ್ದಾರೆ. ನನ್ನ ಪ್ರಕಾರ ಅದೂ ತಪ್ಪು. ಅಪಘಾತಕ್ಕೆ ಮೊದಲೇ, ‘ಪೈರೋಮೇನಿಯಾ’ದಲ್ಲೇ, ಲ್ಯಾಂಗ್ ಡ್ರಮ್ಸ್ ಅನ್ನು ಮೆಷಿನ್‌ನಲ್ಲಿ ಜೋಡಿಸಿದ್ದರು. ಆಗ ಅಲೆನ್‌ಗೆ ಎರಡೂ ಕೈ ಇದ್ದವು. ‘ಹಿಸ್ಟೀರಿಯಾ’ದಲ್ಲಿ ಒಂದೊಂದು ಪೆಟ್ಟಿನ ಸದ್ದನ್ನೂ ಸ್ಯಾಂಪಲ್ ಮಾಡಿ, ಅಂದರೆ ತುಣುಕಾಗಿ ಹಿಡಿದಿಟ್ಟು, ಫೇರ್‌ಲೈಟ್ ಅನ್ನುವ ಸಂಗೀತದ ಕಂಪ್ಯೂಟರ್‌ನಿಂದ ನುಡಿಸಿದರು. ಇದು ಲ್ಯಾಂಗ್ ಶೈಲಿ. ಯಾರ ಮೇಲಿನ ಕನಿಕರಕ್ಕೂ ಮಾಡಿದ್ದಲ್ಲ.

ಗಿಟಾರ್ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹಾರ್ಡ್ ರಾಕ್ ಅಂದರೆ ಮಾರ್ಷಲ್ ಕಂಪನಿಯ ಆಂಪ್‌ಗಳ (ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆಗಳ) ಗೋಡೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಇಲ್ಲಿ ಬಳಸಿದ್ದು ರಾಕ್‌ಮನ್ ಅನ್ನುವ ಕೈಯಗಲದ ಡಬ್ಬಿ. ಬಾಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್ ಮಾಡಿದ್ದು. ಹೆಡ್‌ಫೋನ್ ಹಾಕಿಕೊಂಡು ಪ್ರಾಕ್ಟೀಸ್ ಮಾಡಲು ಬಳಸುವಂಥದ್ದು. ಯಾಕೆ ಅದು? ಮಾರ್ಷಲ್ ಸದ್ದು ಒಂದೇ ಇದ್ದರೆ ಭರ್ಜರಿ. ಅದರ ಮೇಲೆ ಇನ್ನೊಂದು, ಮತ್ತೊಂದು ಪದರ ಹಾಕುತ್ತಾ ಹೋದರೆ ಎಲ್ಲಾ ಕಲಸಿ ರಾಡಿ. ರಾಕ್‌ಮನ್ ಒಂದೇ ಕೇಳಿದರೆ ಸೊಳ್ಳೆ ಗುಂಯ್ ಅಂದ ಹಾಗಿರುತ್ತದೆ. ಆದರೆ ಎಷ್ಟು ಪದರ ಹಾಕಿದರೂ ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತದೆ.

ಅಷ್ಟಕ್ಕೂ ಬಿಡಲಿಲ್ಲ. ಕೆಲವು ಕಡೆ ಒಂದು ಕಾರ್ಡ್ ಅನ್ನು (ಹಲವು ಸ್ವರಗಳ ಗುಚ್ಛವನ್ನು) ಒಟ್ಟಿಗೆ ನುಡಿಸದೆ, ಒಂದೊಂದೇ ಸ್ವರವನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಜೋಡಿಸಿದರು. ಡಿಸ್ಟಾರ್ಷನ್, ಅಂದರೆ ಗಿಟಾರ್ ಸದ್ದನ್ನು ಬೇಕಂತಲೇ ಕರ್ಕಶ ಮಾಡುವುದು, ಇದ್ದಾಗ ಎರಡು ಮೂರು ಸ್ವರ ಒಟ್ಟಿಗೆ ಹೋದರೆ ಒಂದಕ್ಕೊಂದು ಗುದ್ದಾಡಿ ಇಲ್ಲದ ಸದ್ದುಗಳೂ ಹುಟ್ಟುತ್ತವೆ. ಬೇರೆ ಬೇರೆ ಹಿಡಿದರೆ ಆ ಕಿರಿಕಿರಿ ಇಲ್ಲ. ಫಿಲ್ ಕೊಲೆನ್, ಸ್ಟೀವ್ ಕ್ಲಾರ್ಕ್ ಇಬ್ಬರೂ ಕೈ ಪಳಗಿದ ಗಿಟಾರಿಸ್ಟ್‌ಗಳು. ಅಂಥವರು ಗಂಟೆಗಟ್ಟಲೆ ಒಂದು ತಂತಿ ಮೀಟುತ್ತಾ ಕೂರುವುದು! ನನಗಂತೂ ಆಗುತ್ತಿರಲಿಲ್ಲ. ಆಲ್ಬಂ ಹೆಸರಿನ ಹಾಡನ್ನೇ ಹೆಡ್‌ಫೋನ್‌ನಲ್ಲಿ ಕೇಳಿ, ಗಿಟಾರ್‌ಗಳು ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತವೆ ಅಂತಲೇ ಗೊತ್ತಾಗುವುದಿಲ್ಲ.

ಸ್ಟೈನ್‌ಮನ್ ಹೋದ ಮೇಲೆ ಬ್ಯಾಂಡ್ ತಾನೇ ಎಂಜಿನಿಯರ್ ನೈಜೆಲ್ ಗ್ರೀನ್ ಜೊತೆ ಸೇರಿ ಒಂದಷ್ಟು ಕೆಲಸ ಮಾಡಿತ್ತು. ಲ್ಯಾಂಗ್ ವಾಪಸ್ ಬಂದ ಮೇಲೆ ಅದರಲ್ಲಿ ಬಹಳಷ್ಟು ಕಸದ ಬುಟ್ಟಿ ಸೇರಿತು. ಆಮೇಲೆ ಲ್ಯಾಂಗ್ ಅವರಿಗೇ ಕಾರ್ ಅಪಘಾತ. ಗಾಯಕ ಜೋ ಎಲಿಯಟ್‌ಗೆ ಮಂಗನಬಾವು. ಖರ್ಚು ಎಷ್ಟಾಯಿತು ಅಂದರೆ, ಬ್ಯಾಂಡಿನವರೇ ಹೇಳುವ ಪ್ರಕಾರ 50 ಲಕ್ಷ ಪ್ರತಿ ಮಾರಾಟವಾದರೆ ಮಾತ್ರ ಅಸಲು ಹುಟ್ಟುವಂತಿತ್ತು. ಹೀಗಿರುವಾಗ, ಆಲ್ಬಂ ಹೆಚ್ಚುಕಮ್ಮಿ ಮುಗಿದ ಮೇಲೆ, ಎಲಿಯಟ್ ಬಿಡುವಿನಲ್ಲಿ ಸುಮ್ನೆ ಗಿಟಾರ್ ಹಿಡಿದು ಏನೋ ಗುನುಗುತ್ತಿದ್ದರು. ಲ್ಯಾಂಗ್ ಕಿವಿಗೆ ಬಿತ್ತು. ಇದನ್ನು ಬಿಡಬಾರದು ಅಂತ ಹಟ ಹಿಡಿದರು. ಅದೇ ‘ಪೋರ್ ಸಮ್ ಶುಗರ್ ಆನ್ ಮಿ’.

ಬಂದ ಮೇಲೆ ಏನಾಯಿತು? ಬ್ರಿಟನ್‌ನಲ್ಲಿ ನೇರ ಮೊದಲನೇ ಸ್ಥಾನ. ಅಮೆರಿಕದಲ್ಲಿ ತಣ್ಣಗಿತ್ತು. ಅಲ್ಲಿನ ಮೊದಲ ಸಿಂಗಲ್ ‘ವಿಮೆನ್’ 80ನೇ ಸ್ಥಾನ ದಾಟಿ ಮೇಲೆ ಏರಲಿಲ್ಲ. ಆಲ್ಬಂ ಅಲ್ಲಿ ಮೊದಲನೇ ಸ್ಥಾನಕ್ಕೆ ಬಂದದ್ದು 1988ರ ಜುಲೈನಲ್ಲಿ, ಹೆಚ್ಚುಕಮ್ಮಿ ಒಂದು ವರ್ಷವಾದ ಮೇಲೆ. ದಡ ಸೇರಿಸಿದ್ದು ಕೊನೇ ಗಳಿಗೆಯಲ್ಲಿ ಹುಟ್ಟಿದ ಆ ಸಕ್ಕರೆ ಹಾಡೇ. ಅಕ್ಟೋಬರ್‌ನಲ್ಲಿ ‘ಲವ್ ಬೈಟ್ಸ್’ ಸಿಂಗಲ್ಸ್ ಚಾರ್ಟ್‌ನ ತುದಿಗೇರಿತು. 12 ಹಾಡಿನಲ್ಲಿ ಏಳು ಸಿಂಗಲ್. ಅಮೆರಿಕವೊಂದರಲ್ಲೇ 1 ಕೋಟಿ 20 ಲಕ್ಷ ಪ್ರತಿ.

ಇನ್ನೊಂದು ವಿಷಯ. ‘ಹಿಸ್ಟೀರಿಯಾ’ಗೆ ಎರಡು ವಾರ ಮುಂಚೆ, 1987ರ ಜುಲೈ 21ರಂದು, ಗನ್ಸ್ ಎನ್ ರೋಸಸ್‌ನ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ ಬಂದಿತ್ತು. ಒರಟು, ಕೊಳಕು, ಬೀದಿ ಜಗಳದಂಥ ಸದ್ದು. ಅದೂ ವರ್ಷ ಕಾದು, 1988ರ ಆಗಸ್ಟ್‌ನಲ್ಲಿ ಮೊದಲನೇ ಸ್ಥಾನ ಹಿಡಿಯಿತು. ಒಂದೇ ಬೇಸಿಗೆಯಲ್ಲಿ ಎರಡೂ ಮಾರಾಟವಾದವು. ನಯವಾದದ್ದು ಸುಳ್ಳು, ಒರಟಾದದ್ದು ಸತ್ಯ ಅನ್ನುವ ಲೆಕ್ಕ ಆಗ ಕೊಂಡವರಿಗೆ ಇರಲಿಲ್ಲ. ಆ ಲೆಕ್ಕ ಶುರುವಾದದ್ದು ಗ್ರಂಜ್ ಅನ್ನುವ ಒರಟು ರಾಕ್ ಶೈಲಿ ಬಂದ ಮೇಲೆ. 1991ರ ನಂತರ ಎಂಬತ್ತರ ದಶಕದ್ದೆಲ್ಲ ನಗೆಪಾಟಲಾಯಿತು, ಇದೂ ಆ ಗುಂಪಿಗೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಸ್ಟೀವ್ ಕ್ಲಾರ್ಕ್ ತೀರಿಹೋಗಿದ್ದರು. ಈ ಸದ್ದನ್ನು ಕಟ್ಟಿದ ಐದು ಜನ ಮತ್ತೆ ಒಟ್ಟಿಗೆ ಕೂರುವಂತೆಯೇ ಇರಲಿಲ್ಲ.

ಹಾಗಂತ ಇದು ಕುಂದೇ ಇಲ್ಲದ ಆಲ್ಬಂ ಅಂತ ನಾನು ಹೇಳುತ್ತಿಲ್ಲ. ಸಾಹಿತ್ಯ ಬಹಳ ಕಡೆ ತೆಳು. ‘ವಿಮೆನ್’ ಅಂತೂ ಕೇಳುವಾಗ ಮುಜುಗರ. ಉದ್ದವೂ ಜಾಸ್ತಿ, 62 ನಿಮಿಷ. ಅದನ್ನೆಲ್ಲ ಒಂದೇ ಎಲ್‌ಪಿಗೆ (ಗ್ರಾಮಫೋನ್ ತಟ್ಟೆಗೆ) ತುರುಕಿದರು. ಅಷ್ಟು ತುರುಕಿದರೆ ಗೆರೆಗಳು ಇಕ್ಕಟ್ಟಾಗಿ ಸದ್ದಿನ ಮಟ್ಟ ಇಳಿಸಬೇಕಾಗುತ್ತದೆ, ಬೇಸ್, ಅಂದರೆ ತಗ್ಗು ಸ್ಥಾಯಿಯ ಸದ್ದು, ಸೊರಗುತ್ತದೆ. ಸದ್ದಿಗಾಗಿ ವರ್ಷಗಟ್ಟಲೆ ಗುದ್ದಾಡಿದವರು ಕೊನೆಗೆ ಹೀಗೆ ಮಾಡಿದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ‘ಎಕ್ಸೈಟಬಲ್’ ಮತ್ತು ‘ರನ್ ರಯಟ್’ ತೆಗೆದಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಪ್ರತಿಯೊಂದೂ ಸಿಂಗಲ್ ಆಗುವಂತಿರಬೇಕು ಅನ್ನುವ ಹುಳ ಇಲ್ಲಿ ಕೈಕೊಟ್ಟಿತು.

ಮೆಷಿನ್ ಮಾಡಿದ್ದು ಅನ್ನುವವರಿಗೆ ನನ್ನ ಕೊನೇ ಪುರಾವೆ ಇದು. ಡಿಜಿಟಲ್ ರಾಯಲ್ಟಿ ವಿಷಯದಲ್ಲಿ ರೆಕಾರ್ಡ್ ಕಂಪನಿ ಜೊತೆ ಜಟಾಪಟಿ ನಡೆದಾಗ, 2012ರಲ್ಲಿ ಬ್ಯಾಂಡ್ ತನ್ನದೇ ಹಳೇ ಹಾಡುಗಳನ್ನು ಹೊಸದಾಗಿ ರೆಕಾರ್ಡ್ ಮಾಡಿತು, ‘ಶುಗರ್’ ಕೂಡ. ಅಷ್ಟು ಹೊತ್ತಿಗೆ ಫೇರ್‌ಲೈಟ್‌ಗಿಂತ ಎಷ್ಟೋ ಪಾಲು ಶಕ್ತಿಯ ಮೆಷಿನ್ ಎಲ್ಲರ ಮೇಜಿನ ಮೇಲೂ ಇತ್ತು. ಬಟನ್ ಒತ್ತಿದರೆ ಮುಗಿಯಬೇಕಿತ್ತು, ಅಲ್ವಾ? ಆ ಹಳೇ ಸದ್ದುಗಳನ್ನು ಹುಡುಕಿ ತೆಗೆಯುವಷ್ಟರಲ್ಲಿ ಸಾಕುಸಾಕಾಯಿತು ಅಂತ ಅವರೇ ಹೇಳಿಕೊಂಡರು. 2018ರ ಜನವರಿಯಲ್ಲಿ ರಾಜಿಯಾಗಿ ಮೂಲ ರೆಕಾರ್ಡಿಂಗ್‌ಗಳೇ ಸ್ಟ್ರೀಮಿಂಗ್‌ಗೆ ಬಂದವು.

ಇನ್ನೂ ಕೇಳಿಲ್ಲದವರು ಮೊದಲ ಹಾಡಿನಿಂದ ಶುರು ಮಾಡಬೇಡಿ, ಅದು ‘ವಿಮೆನ್’. ‘ಗಾಡ್ಸ್ ಆಫ್ ವಾರ್’ ಹಾಕಿ. ಆರೂವರೆ ನಿಮಿಷ ಇದೆ, ಕೊನೆಯಲ್ಲಿ ರೇಗನ್, ಥ್ಯಾಚರ್ ಇಬ್ಬರ ದನಿಯೂ ಬರುತ್ತದೆ. ಸಿಂಗಲ್ ಆಗಿ ಬರದ ಹಾಡು ಅದು. ಆಲ್ಬಂನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ.