ಶನಿಯ ಸುತ್ತ ಉಲ್ಟಾ ಸುತ್ತೋ ಚಂದ್ರ: ಫೀಬಿ

[ಚಿತ್ರ: ಕಣ, ನಡುವ ಮೇಟಿ, ಸುತ್ತ ಎತ್ತುಗಳು]

ನಮಸ್ಕಾರ್ರೀ. ನಮ್ಮ ಹಾವೇರಿ ಕಡೆ ಹಂತಿ ಹೊಡಿಯೋದನ್ನ ನೋಡಿದವರಿಗೆ ಇವತ್ತಿನ ಮಾತು ಲಗೂನ ತಿಳೀತೈತಿ. ಮೇಟಿ ಸುತ್ತ ಎತ್ತು ಎಲ್ಲಾ ಒಂದ ದಿಕ್ಕಿಗೆ ಹೋಗ್ತಾವ. ಅಷ್ಟ್ರಾಗ ಒಂದು ಎತ್ತು ದೂರದಿಂದ, ಎದುರು ದಿಕ್ಕಿಗೆ ಸುತ್ತು ಹಾಕಾಕತ್ತಿದ್ರ? ಇದು ನಮ್ಮ ಕಣದ್ದಲ್ಲ, ಎಲ್ಲಿಂದಲೋ ಬಂದೈತಿ ಅಂತೀರಿ. ಶನಿಯ ಫೀಬಿ ಬಗ್ಗೆ ವಿಜ್ಞಾನಿಗಳ ಮಾತೂ ಅದ.

ಟೈಟನ್, ರಿಯಾದಂಥ ಚಂದ್ರರು ಶನಿಯ ಸುತ್ತಲಿದ್ದ ಧೂಳು-ಅನಿಲದ ತಟ್ಟಿಯೊಳಗ ಹುಟ್ಟಿದವು. ಅದಕ್ಕ ಶನಿ ತಿರಗೋ ದಿಕ್ಕಿಗೇ ಅವೂ ಸುತ್ತತಾವ. ಫೀಬಿ ಮಾತ್ರ ಸುಮಾರು 1.3 ಕೋಟಿ ಕಿಲೋಮೀಟರ್ ಆಚೆ, ಒಂದು ಸುತ್ತಿಗೆ 550 ದಿನ ತಗೊಂಡು, ಉಲ್ಟಾ ಹೊಂಟೈತಿ. ನೆಪ್ಚೂನ್ ಆಚೆಗಿನ ಹಿಮದ ಸೀಮೆಯಿಂದ ಅಲೀತಾ ಬಂದು ಶನಿಯ ಸೆಳೆತಕ್ಕ ಸಿಕ್ಕಿರಬೇಕು ಅಂತ ಬಹಳ ಮಂದಿ ವಿಜ್ಞಾನಿಗಳು ನಂಬ್ತಾರ.

ಅಡ್ಡಳತೆ ಸುಮಾರು 213 ಕಿಲೋಮೀಟರ್. ಹುಬ್ಬಳ್ಳಿ ಬಿಟ್ಟು ಚಿತ್ರದುರ್ಗ ಮುಟ್ಟುವಷ್ಟು ದಾರಿ, ಅಷ್ಟ.

[ಚಿತ್ರ: ಎರಡು ಗಾಜಿನ ಫಲಕ]

1898ರ ಆಗಸ್ಟಿನಾಗ ಪೆರು ದೇಶದ ಅರೆಕಿಪಾದಾಗ ಗಾಜಿನ ಫಲಕದ ಮೇಲೆ ಆಕಾಶದ ಫೋಟೋ ತಗದ್ರು. ಮರುವರ್ಷ ಖಗೋಳ ವಿಜ್ಞಾನಿ ವಿಲಿಯಂ ಪಿಕರಿಂಗ್ ಆ ಫಲಕಗಳನ್ನ ಹೋಲಿಸಿ ನೋಡಿದ್ರು. ಸಾವಿರಾರು ಚುಕ್ಕಿ ಇದ್ದಲ್ಲೇ ಇದ್ದವು, ಒಂದು ಸರದಿತ್ತು. ಫೋಟೋದಿಂದ ಸಿಕ್ಕ ಮೊದಲ ಚಂದ್ರ ಅದು.

ಹತ್ತಿರದಿಂದ ನೋಡಿದ್ದು ಕ್ಯಾಸಿನಿ ನೌಕೆ. 2004ರ ಜೂನ್ 11ರಂದು, 2,068 ಕಿಲೋಮೀಟರ್ ದೂರದಾಗ ಹಾದುಹೋತು. ಮೈತುಂಬ ಕುಳಿ, ಬಣ್ಣ ನಮ್ಮ ಗದಗಿನ ಎರಿ ಹೊಲದ್ದ ಕಪ್ಪು. ಆದ್ರ ಕುಳಿಯ ಅಂಚು ಕುಸಿದಲ್ಲೆಲ್ಲ ಒಳಗಿನ ಹಿಮ ಬೆಳ್ಳಗ ಹೊಳೀತಿತ್ತು. ಎರಿ ಮಣ್ಣು ಅಗದಾಗ ಬಿಳಿ ಸುಣ್ಣದ ಹರಳು ಕಾಣ್ತಾವಲ್ರೀ, ಹಂಗ. ಕ್ಯಾಸಿನಿ ತಗದ ಈ ಒಂದು ಫೋಟೋ ನಾನು ಎಷ್ಟು ಸಲ ನೋಡೀನೋ ಲೆಕ್ಕಿಲ್ಲ.

[ಚಿತ್ರ: ಅರ್ಧ ಕಪ್ಪು, ಅರ್ಧ ಬಿಳಿ ಇರೋ ಇಯಾಪಿಟಸ್]

ಈಗ ನನಗ ಭಾಳ ಸೇರೋ ಭಾಗಕ್ಕ ಬರೋಣು. ಉಲ್ಕೆ ಬಡಿದಾಗ ಫೀಬಿ ಮೈಯಿಂದ ಧೂಳು ಹಾರತೈತಿ. ಆ ಧೂಳಿನ ದೊಡ್ಡ ಉಂಗುರ ಶನಿಯ ಸುತ್ತ ಐತಿ. ಕಣ್ಣಿಗೆ ಕಾಣಂಗಿಲ್ಲ, ಅಷ್ಟು ತೆಳು. 2009ರಾಗ ಸ್ಪಿಟ್ಜರ್ ಟೆಲಿಸ್ಕೋಪು ಅದರ ಶಾಖ ಹಿಡಿದು ಪತ್ತೆ ಹಚ್ಚಿತು. ಧೂಳು ಮೆಲ್ಲಕ ಒಳಗ ಸರಿದು, ಇಯಾಪಿಟಸ್ ಅನ್ನೋ ಇನ್ನೊಂದು ಚಂದ್ರಗ ಎದುರಾಗತೈತಿ. ಬ್ಯಾಸಗಿಯಾಗ ಹೊಲದ ದಾರಿ ಹಿಡಿದು ಬೈಕ್ ಮ್ಯಾಲೆ ಹೋಗ್ರಿ: ಎದಿ ಮೇಲಿನ ಅಂಗಿ ಮಣ್ಣು, ಬೆನ್ನು ಸ್ವಚ್ಛ. ಇಯಾಪಿಟಸ್ ಮುಂದಿನ ಮಾರಿ ಕಪ್ಪಾಗಾಕ ಶುರು ಆಗಿದ್ದು ಹಿಂಗ. ಕಪ್ಪು ಜಾಗ ಬಿಸಿಲು ಹೀರಿ, ಅಲ್ಲಿಯ ಹಿಮ ಆವಿಯಾಗಿ ಆಚೆ ಹೋಗಿ ಕೂತು, ಕಪ್ಪು ಇನ್ನಷ್ಟು ಕಪ್ಪಾತು.

1671ರಾಗ ಇಯಾಪಿಟಸ್ ಕಂಡುಹಿಡಿದ ಖಗೋಳ ವಿಜ್ಞಾನಿ ಕ್ಯಾಸಿನಿ (ನೌಕೆಗೆ ಇಟ್ಟದ್ದು ಇವರ ಹೆಸರ) ಅವರಿಗೆ ಅದು ಶನಿಯ ಪಶ್ಚಿಮಕ್ಕಿದ್ದಾಗ ಕಾಣ್ತಿತ್ತು, ಪೂರ್ವಕ್ಕ ಹೋದ್ರ ಮಾಯ. ಒಂದು ಮಗ್ಗಲು ಕಪ್ಪಿರಬೇಕು ಅಂತ ಆಗಲೇ ಊಹಿಸಿದ್ರು. ಧಾರವಾಡದಾಗ ಮಾಳಿಗಿ ಮ್ಯಾಲೆ ಆರಿಂಚಿನ ಟೆಲಿಸ್ಕೋಪ್ ಇಟ್ಟು ನೀವೂ ನೋಡಬಹುದು. ಪಶ್ಚಿಮಕ್ಕ ಚುಕ್ಕಿ ಕಂಡ ದಿನ ಬರದಿಟ್ಕೊಳ್ರಿ. ನಲವತ್ತು ದಿನ ಬಿಟ್ಟು ಪೂರ್ವಕ್ಕ ಹುಡುಕ್ರಿ. ಸಿಕ್ರ, ಎಷ್ಟು ಮಸುಕಾಗಿತ್ತು ಅಂತ ಕೆಳಗ ಬರೀರಿ.