ಕಾಣುತ್ತಿಲ್ಲ ಎಂದರೆ ಹೋಗಿದೆ ಎಂದಲ್ಲ

ನಮಸ್ಕಾರ. ಹೊರಗೆ ಪುನರ್ವಸು ಮಳೆ ಹೊಯ್ಯುತ್ತಿದೆ. ಹಂಚಿನ ಮೇಲೆ ಬೀಳುವ ಸದ್ದು ನಿಮಗೂ ಕೇಳಿಸುತ್ತಿರಬಹುದು. ಹೊಸನಗರ ತಾಲೂಕಿನ ನಮ್ಮ ಮನೆಯಲ್ಲಿ ಈ ದಿನಗಳಲ್ಲಿ ಗೋಡೆ ಬೆವರುತ್ತದೆ, ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಲ್ಯಾಪ್‌ಟಾಪ್‌ಗಳು ಕೈಕೊಡುವುದೂ ಇದೇ ಕಾಲದಲ್ಲಿ. ಇವತ್ತು ಅಂಥ ಒಂದೇ ಒಂದು ತೊಂದರೆಯ ಬಗ್ಗೆ ಮಾತನಾಡುತ್ತೇನೆ. ಲ್ಯಾಪ್‌ಟಾಪ್ ತನ್ನ ಹೊಟ್ಟೆಯೊಳಗೇ ಇರುವ ಹಾರ್ಡ್ ಡಿಸ್ಕನ್ನು ಗುರುತಿಸದೇ ಇರುವುದು.

ಮೊದಲು ಒಂದು ಪದದ ಮೇಲೆ ನನಗಿರುವ ತಕರಾರನ್ನು ಹೇಳಿಬಿಡುತ್ತೇನೆ. "ಹೋಗಿದೆ" ಎಂಬ ಪದ. ನಾವು ಕರೆಂಟ್ ಹೋಗಿದೆ ಎನ್ನುತ್ತೇವೆ, ಅದು ರಾತ್ರಿಯೊಳಗೆ ಬರುತ್ತದೆ. ನೆಟ್‌ವರ್ಕ್ ಹೋಗಿದೆ ಎನ್ನುತ್ತೇವೆ, ಗುಡ್ಡ ಹತ್ತಿದರೆ ಸಿಗುತ್ತದೆ. ಮನೆಯ ಹಿರಿಯರು ಹೋದರು ಎಂದಾಗ ಮಾತ್ರ ಆ ಮಾತಿಗೆ ಮರಳುವ ದಾರಿಯಿಲ್ಲ. ಹಾರ್ಡ್ ಡಿಸ್ಕ್ ಹೋಗಿದೆ ಎಂದು ಯಾರಾದರೂ ಹೇಳಿದಾಗ, ಇವುಗಳಲ್ಲಿ ಯಾವ ಅರ್ಥದ "ಹೋಗಿದೆ" ಎಂದು ನಾವು ಕೇಳುವುದೇ ಇಲ್ಲ. ಕೊನೆಯ ಅರ್ಥವನ್ನೇ ಒಪ್ಪಿಕೊಂಡು ಮನೆಗೆ ಬಂದುಬಿಡುತ್ತೇವೆ. ನಾನೂ ಹಾಗೆಯೇ ಬಂದುಬಿಡುವವನಿದ್ದೆ.

ನನ್ನ ತಂದೆ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡಿದ್ದಾರೆ. ಹವಾಮಾನ ಇಲಾಖೆಯ ಲೆಕ್ಕದ ದಿನ ಬೆಳಗ್ಗೆ 8.30ಕ್ಕೆ ಮುಗಿಯುತ್ತದೆಯಲ್ಲ, ಅದೇ ಹೊತ್ತಿಗೆ ಸರಿಯಾಗಿ ಕೊಡೆ ಹಿಡಿದು ಹೋಗಿ ನೀರನ್ನು ಅಳೆಯುತ್ತಾರೆ. ಹಿಂದೆಲ್ಲ ಡೈರಿಯಲ್ಲಿ ಬರೆಯುತ್ತಿದ್ದರು. 2009ರಿಂದ ನಾನು ಅದನ್ನು ಎಕ್ಸೆಲ್‌ಗೆ ಹಾಕಲು ಕಲಿಸಿದೆ. ಆಗಿನಿಂದ ಡೈರಿ ನಿಂತಿತು. ಆ ವರ್ಷಗಳ ಮಳೆಯೆಲ್ಲ ಇದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್‌ನ 500 ಜಿಬಿ ಹಾರ್ಡ್ ಡಿಸ್ಕಿನಲ್ಲಿ, ಬೇರೆಲ್ಲಿಯೂ ಅಲ್ಲ. ಒಂದು ಆಷಾಢದಲ್ಲಿ ಬೆಳಗ್ಗೆ ಅದನ್ನು ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ "ನೋ ಬೂಟಬಲ್ ಡಿವೈಸ್" ಎಂಬ ಒಂದೇ ಸಾಲು.

ಬಸ್ ಹತ್ತಿ ಶಿವಮೊಗ್ಗಕ್ಕೆ ಹೋದೆ. ಒಂದು ಅಂಗಡಿಯಲ್ಲಿ ಆನ್ ಮಾಡಿ ನೋಡಿದರು. ಎರಡು ನಿಮಿಷ ಕೂಡ ಆಗಿರಲಿಲ್ಲ, ಹಾರ್ಡ್ ಡಿಸ್ಕ್ ಹೋಗಿದೆ, ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹಾಕಿಕೊಡುತ್ತೇವೆ ಎಂದರು. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯಿಲ್ಲದ, ಚಿಪ್ಪುಗಳಲ್ಲಿ ದಾಖಲೆ ಇಡುವ ಹೊಸ ಬಗೆಯ ಡಿಸ್ಕ್. ಒಂದೇ ಒಂದು ಸ್ಕ್ರೂ ಬಿಚ್ಚಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅದರೊಳಗೆ ನಿಮಗೆ ಬೇಕಾದದ್ದು ಏನಾದರೂ ಇದೆಯೇ ಎಂದು ಯಾರೂ ಕೇಳಲಿಲ್ಲ. ಆ ಪ್ರಶ್ನೆ ಬಾರದಿದ್ದದ್ದು ಇವತ್ತಿಗೂ ನನ್ನನ್ನು ನೋಯಿಸುತ್ತದೆ. ಅಂಗಡಿಯವರ ಕಷ್ಟ ನನಗೆ ಗೊತ್ತಿದೆ. ಒಂದು ಲ್ಯಾಪ್‌ಟಾಪ್ ಬಿಚ್ಚಿ ಒಂದು ಗಂಟೆ ಹುಡುಕಿದರೆ ಆ ಗಂಟೆಗೆ ಹಣ ಕೊಡುವವರು ಕಡಿಮೆ, ಹೊಸ ವಸ್ತು ಮಾರಿದರೆ ನಾಲ್ಕು ಕಾಸು ಉಳಿಯುತ್ತದೆ. ಆದರೂ ಕೇಳಲು ಒಂದು ಮಾತು ಸಾಕಿತ್ತು.

ನಾನು ಅದನ್ನು ವಾಪಸ್ ತಂದೆ. ಮನೆಯಲ್ಲಿ ಬ್ಯಾಟರಿ ತೆಗೆದು, ತಳದ ಮುಚ್ಚಳ ಬಿಚ್ಚಿ ನೋಡಿದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಚಪ್ಪಟೆ ಕೇಬಲ್ ತನ್ನ ಜಾಗದಿಂದ ಒಂದು ಬದಿಗೆ ಎದ್ದಿತ್ತು. ಪಿನ್‌ಗಳ ಮೇಲೆ ಮಂಕು ಪದರ ಕಟ್ಟಿತ್ತು. ಇಂಥ ಡಿಸ್ಕುಗಳನ್ನು ಜೋಡಿಸುವ ಸಾಟಾ ಎಂಬ ಬಗೆಯ ಕನೆಕ್ಟರಿನಲ್ಲಿ ದತ್ತಾಂಶಕ್ಕೆ 7 ಪಿನ್, ವಿದ್ಯುತ್ತಿಗೆ 15 ಪಿನ್ ಇರುತ್ತವೆ. ದತ್ತಾಂಶದ ಏಳರಲ್ಲಿ ಒಂದರ ಸಂಪರ್ಕ ಕೈಕೊಟ್ಟರೂ ಡಿಸ್ಕ್ ಕಾಣದೇ ಹೋಗಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಲು ಬಿಟ್ಟು, ಕೇಬಲನ್ನು ಒತ್ತಿ ಕೂರಿಸಿದೆ. ಆನ್ ಮಾಡಿದೆ. ವಿಂಡೋಸ್ ಬಂದಿತು. ತಂದೆ ಹಿಂದೆ ನಿಂತಿದ್ದರು. ಅವರು ಏನೂ ಹೇಳಲಿಲ್ಲ, ಹೋಗಿ ಆ ದಿನದ ಮಳೆಯ ಲೆಕ್ಕ ಬರೆದಿಟ್ಟಿದ್ದ ಚೀಟಿ ತಂದರು.

ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ ಆ ಸಾಲನ್ನು ತೋರಿಸಿದಾಗ ಗಾಬರಿಯಾಗದೆ ಮೊದಲು ಅದರ ಅರ್ಥ ತಿಳಿಯಿರಿ. ಹುಡುಕಿದ ಜಾಗದಲ್ಲಿ ಶುರು ಮಾಡಲು ವಿಂಡೋಸ್‌ನಂಥ ವ್ಯವಸ್ಥೆ ಸಿಗಲಿಲ್ಲ ಎಂದಷ್ಟೇ ಅದು ಹೇಳುತ್ತಿದೆ. ಡಿಸ್ಕ್ ಸತ್ತಿದೆ ಎಂದು ಎಲ್ಲಿಯೂ ಹೇಳಿಲ್ಲ. ಪೆನ್‌ಡ್ರೈವ್ ಏನಾದರೂ ಸಿಕ್ಕಿಸಿದ್ದರೆ ತೆಗೆದು ಮತ್ತೊಮ್ಮೆ ನೋಡಿ. ಆಮೇಲೆ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲೇ ತೆರೆಯುವ ಯಂತ್ರದ ಸ್ವಂತ ಸೆಟ್ಟಿಂಗ್ ಪುಟಕ್ಕೆ ಹೋಗಿ. ಆನ್ ಮಾಡಿದ ತಕ್ಷಣ ಎಫ್2, ಎಫ್10, ಎಸ್ಕೇಪ್ ಅಥವಾ ಡಿಲೀಟ್ ಕೀಲಿಯನ್ನು ಒತ್ತುತ್ತಿರಬೇಕು, ಯಾವುದೆಂಬುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅಲ್ಲಿ ಡಿಸ್ಕಿನ ಹೆಸರು ಅಥವಾ ಮಾಡೆಲ್ ಸಂಖ್ಯೆ ಕಾಣುತ್ತಿದೆಯೇ? ಇಲ್ಲಿ ದಾರಿ ಎರಡಾಗುತ್ತದೆ. ಈ ಕವಲಿಗೆ ಬರುವ ಮೊದಲು ಯಾರು ಏನೇ ತೀರ್ಪು ಕೊಟ್ಟರೂ ಅದು ಊಹೆ.

ಹೆಸರು ಕಾಣುತ್ತಿದ್ದರೆ ಸಮಾಧಾನ ಮಾಡಿಕೊಳ್ಳಿ. ಡಿಸ್ಕ್ ಮಾತನಾಡುತ್ತಿದೆ ಎಂದು ಅರ್ಥ. ಯಾವುದರಿಂದ ಮೊದಲು ಶುರು ಮಾಡಬೇಕು ಎಂಬ ಬೂಟ್ ಕ್ರಮ ಬದಲಾಗಿರಬಹುದು, ವಿಂಡೋಸ್‌ನ ಆರಂಭದ ಕಡತಗಳು ಕೆಟ್ಟಿರಬಹುದು. ಹಳೆಯ ಯಂತ್ರಗಳಲ್ಲಿ ಇನ್ನೊಂದು ಕಾರಣವಿದೆ, ಅದನ್ನು ತುಂಬ ಜನ ಗಮನಿಸುವುದಿಲ್ಲ. ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಒಂದು ಸೆಲ್ ಇರುತ್ತದೆ. ಅದು ಮುಗಿದಾಗ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಬಯೋಸಿನ ಆಯ್ಕೆಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ಲೆಗಸಿ ಎಂಬ ಹಳೆಯ ಬೂಟ್ ಪದ್ಧತಿಯಲ್ಲಿ ವಿಂಡೋಸ್ ಹಾಕಿದ್ದ ಯಂತ್ರ ಯುಇಎಫ್‌ಐ ಎಂಬ ಹೊಸ ಪದ್ಧತಿಗೆ ಮರಳಿದರೆ, ಕಣ್ಣೆದುರಿಗಿದ್ದ ಡಿಸ್ಕಿನಿಂದಲೂ ಅದಕ್ಕೆ ಶುರು ಮಾಡಲು ಬರುವುದಿಲ್ಲ. ಬಯೋಸಿನಲ್ಲಿ ತಾರೀಖು ತಪ್ಪಾಗಿದ್ದರೆ ಆ ಸೆಲ್ಲನ್ನು ಮೊದಲು ಅನುಮಾನಿಸಿ.

ಈಗಂತೂ ಇನ್ನೊಂದು ಬಗೆಯ "ಹೋಗಿದೆ" ಕೇಳಿಬರುತ್ತಿದೆ, ಅದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ವಿಂಡೋಸ್ 10ಕ್ಕೆ ಇದ್ದ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಜನ ವಿಂಡೋಸ್ 11ನ್ನು ಹೊಸದಾಗಿ ಹಾಕಿಕೊಳ್ಳಲು ಹೋಗುತ್ತಾರೆ. ಪೆನ್‌ಡ್ರೈವ್‌ನಿಂದ ಶುರು ಮಾಡಿದರೆ ಎಲ್ಲಿ ಹಾಕಬೇಕು ಎಂದು ಕೇಳುವ ಪುಟ ಖಾಲಿ. ಒಂದು ಡಿಸ್ಕೂ ಇಲ್ಲ. ಬಯೋಸಿನಲ್ಲಿ ಮಾತ್ರ ಅದೇ ಎಸ್‌ಎಸ್‌ಡಿ ಕಾಣುತ್ತಿರುತ್ತದೆ. ಇಂಟೆಲ್‌ನ 11ನೇ ಪೀಳಿಗೆ ಮತ್ತು ಅದರ ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ. ಅದರೊಡನೆ ಮಾತನಾಡಲು ಬೇಕಾದ ಡ್ರೈವರ್ ಎಂಬ ಸಣ್ಣ ತಂತ್ರಾಂಶ ಇಲ್ಲದ ಇನ್‌ಸ್ಟಾಲರಿಗೆ ಆ ಬಾಗಿಲು ತೆರೆಯಲು ಬರುವುದಿಲ್ಲ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿಕೊಂಡು, ಬಿಡಿಸಿ, ಅದೇ ಪೆನ್‌ಡ್ರೈವ್‌ನಲ್ಲಿಟ್ಟು, "ಲೋಡ್ ಡ್ರೈವರ್" ಒತ್ತಿ ತೋರಿಸಿದರೆ ಡಿಸ್ಕ್ ಬಂದು ನಿಲ್ಲುತ್ತದೆ. ಇಷ್ಟೇ ಕೆಲಸ. ಇದಕ್ಕಾಗಿ ಚೆನ್ನಾಗಿದ್ದ ಎಸ್‌ಎಸ್‌ಡಿಯನ್ನು ಕಿತ್ತು ಇನ್ನೊಂದನ್ನು ಹಾಕಿಸಿಕೊಂಡ ವಿದ್ಯಾರ್ಥಿಯೊಬ್ಬ ನಮ್ಮ ಊರಿನಲ್ಲಿಯೇ ಇದ್ದಾನೆ. ಹೊಸದೂ ಕಾಣಲಿಲ್ಲ. ಕಾಣುವುದಾದರೂ ಹೇಗೆ?

ಇಲ್ಲೊಂದು ಎಚ್ಚರಿಕೆ. ಬಯೋಸಿನಲ್ಲಿ ವಿಎಂಡಿಯನ್ನು ಆಫ್ ಮಾಡಿದರೂ ಡಿಸ್ಕ್ ಕಾಣುತ್ತದೆ ಎಂದು ಹೇಳುವವರಿದ್ದಾರೆ, ಅದು ನಿಜ. ಆದರೆ ಈಗಾಗಲೇ ವಿಂಡೋಸ್ ಇರುವ ಯಂತ್ರದಲ್ಲಿ ಹಾಗೆ ಮಾಡಿದರೆ ಆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು. ಯಾವ ಆಯ್ಕೆಯನ್ನು ಮುಟ್ಟುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಾಗೆಯೇ ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನು ಗೂಢಲಿಪಿಯಲ್ಲಿಡುವ ವಿಂಡೋಸ್‌ನ ಬೀಗ. ವಿಂಡೋಸ್ 11ರ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕು ನಿಮಗೆ ಗೊತ್ತಿಲ್ಲದೆಯೇ ಬೀಗ ಹಾಕಿಕೊಂಡಿರುತ್ತದೆ. ಬಯೋಸ್ ಬದಲಿಸಿದಾಗ ಅಥವಾ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೊಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಕಾಗದದಲ್ಲಿ ಬರೆದು ಪಹಣಿ, ಪಾಸ್‌ಬುಕ್ ಇಡುವ ಪೆಟ್ಟಿಗೆಯಲ್ಲಿಡಿ.

ಬಯೋಸಿನಲ್ಲಿಯೂ ಹೆಸರು ಕಾಣದಿದ್ದರೆ? ಆಗ ಚಾರ್ಜರ್ ತೆಗೆಯಿರಿ, ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆಯಿರಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಒಳಗೆ ಉಳಿದಿರುವ ವಿದ್ಯುತ್ತನ್ನು ಖಾಲಿ ಮಾಡಿ ಮತ್ತೆ ನೋಡಿ. ಆಗಲೂ ಕಾಣದಿದ್ದರೆ ಬಿಚ್ಚಬೇಕು. ಕೈ ನಡುಗುವವರು ಬಿಚ್ಚಬೇಡಿ, ಬಲ್ಲವರಿಂದ ನಿಮ್ಮೆದುರಿಗೇ ಬಿಚ್ಚಿಸಿ. ಡಿಸ್ಕನ್ನು ಕಳಚಿ ಮತ್ತೆ ಕೂರಿಸುವುದರಿಂದಲೇ ಸರಿಹೋಗುವ ಪ್ರಕರಣಗಳನ್ನು ಮಳೆಗಾಲದಲ್ಲಿ ನಾನು ಹಲವು ಸಲ ನೋಡಿದ್ದೇನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ನಮ್ಮ ಹುಲಿಕಲ್ ಕಡೆಯೂ ಕಡಿಮೆಯೇನಲ್ಲ. ಈ ತೇವದ ನಡುವೆ ತಿಂಗಳುಗಟ್ಟಲೆ ಚೀಲದೊಳಗೆ ಮುಚ್ಚಿಟ್ಟ ಲ್ಯಾಪ್‌ಟಾಪಿಗಿಂತ ದಿನವೂ ಒಂದು ಗಂಟೆ ಓಡುವ ಲ್ಯಾಪ್‌ಟಾಪ್ ಚೆನ್ನಾಗಿರುತ್ತದೆ, ಅದರ ಬಿಸಿಯೇ ಅದನ್ನು ಒಣಗಿಸುತ್ತದೆ. ಆದರೆ ದಯವಿಟ್ಟು ಬಚ್ಚಲ ಒಲೆಯ ಪಕ್ಕದಲ್ಲಿಟ್ಟು ಒಣಗಿಸಬೇಡಿ. ಅಡಿಕೆಗೆ ಹೊಗೆ ಮತ್ತು ಬಿಸಿ ಒಗ್ಗುತ್ತದೆ, ಬ್ಯಾಟರಿಗೆ ಒಗ್ಗುವುದಿಲ್ಲ.

ಕಳಚಿದ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ ಇನ್ನೊಂದು ಕಂಪ್ಯೂಟರಿನಲ್ಲಿ ನೋಡುವುದು ನಾನು ಬಲ್ಲ ಅತ್ಯಂತ ಪ್ರಾಮಾಣಿಕ ಪರೀಕ್ಷೆ. ಆ ಅಡಾಪ್ಟರಿಗೆ ಕೆಲವು ನೂರು ರೂಪಾಯಿ, ಅಷ್ಟೆ. ಊರಿಗೊಂದು ಇದ್ದರೂ ಸಾಕು. ಅಲ್ಲಿ ಡಿಸ್ಕ್ ಕಂಡರೆ ತಪ್ಪು ಕೇಬಲಿನದು ಅಥವಾ ಬೋರ್ಡಿನದು. ಕಡ್ಡಿಯಂತಿರುವ ಎಂ.2 ಬಗೆಯ ಎಸ್‌ಎಸ್‌ಡಿಯಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಜಾತಿಗಳಿವೆ, ಆಕಾರ ಹೆಚ್ಚುಕಡಿಮೆ ಒಂದೇ. ಒಂದಕ್ಕೆ ಮಾತ್ರ ಹೊಂದುವ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಅದು ಕಾಣುವುದಿಲ್ಲ. ಹೊಸದನ್ನು ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿ.

ಇನ್ನೊಂದು ಯಂತ್ರದಲ್ಲಿ ಡಿಸ್ಕ್ ಕಂಡಾಗ ವಿಂಡೋಸ್ "ಇನಿಷಿಯಲೈಸ್" ಮಾಡಲೇ, "ಫಾರ್ಮ್ಯಾಟ್" ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಒಳಗಿರುವುದು ಬೇಕಾಗಿದ್ದರೆ ಎರಡಕ್ಕೂ ಬೇಡ ಎನ್ನಿ. ರಿಪೇರಿ ಮಾಡುವ ಚೆಕ್ ಡಿಸ್ಕ್ ಆದೇಶವನ್ನೂ ಆಗಲೇ ಕೊಡಬೇಡಿ, ಸಾಯುತ್ತಿರುವ ಡಿಸ್ಕನ್ನು ಅದು ಇನ್ನಷ್ಟು ದಣಿಸುತ್ತದೆ. ಮೊದಲು ನಕಲು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಭಾಗಕ್ಕೆ ಆಮೇಲೆ ಮರಳುತ್ತದೆ. ಆ ನಕಲಿನ ಮೇಲೆ ಏನು ಬೇಕಾದರೂ ಪ್ರಯೋಗ ಮಾಡಿ.

ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೊಮೀಟರ್. ಆ ಸದ್ದು ಬರುತ್ತಿರುವಾಗ ಪದೇ ಪದೇ ಆನ್ ಮಾಡಿದರೆ ತಲೆ ತಟ್ಟೆಯನ್ನೇ ಕೆರೆದು ಹಾಕಬಹುದು. ಇಂಥ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಮಾತೊಂದು ಇನ್ನೂ ಸುತ್ತಾಡುತ್ತಿದೆ. ಹೆಚ್ಚಿನ ಹಾರ್ಡ್ ಡಿಸ್ಕುಗಳಿಗೆ ಗಾಳಿಯಾಡುವ ಒಂದು ಸಣ್ಣ ರಂಧ್ರವಿರುತ್ತದೆ, ಅದನ್ನು ಮುಚ್ಚಬೇಡಿ ಎಂದು ಮೇಲೆಯೇ ಅಚ್ಚು ಹಾಕಿರುತ್ತಾರೆ. ತಣ್ಣಗಾದ ಡಿಸ್ಕನ್ನು ಮಲೆನಾಡಿನ ಆಷಾಢದ ಗಾಳಿಗೆ ತಂದರೆ ಒಳಗೂ ಹೊರಗೂ ಏನು ಕಟ್ಟುತ್ತದೆ ಎಂದು ಮಜ್ಜಿಗೆಯ ತಂಬಿಗೆಯನ್ನು ಫ್ರಿಜ್ಜಿನಿಂದ ತೆಗೆದವರಿಗೆಲ್ಲ ಗೊತ್ತು. ಈ ಹಂತದಲ್ಲಿ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆಯುವ ಪರಿಣತರ ಬಳಿಗೆ ಕಳುಹಿಸಬೇಕು. ಅದು ದುಬಾರಿ. ಒಳಗಿರುವುದು ಅಷ್ಟು ಬೆಲೆಬಾಳುತ್ತದೆಯೇ ಎಂಬುದನ್ನು ನೀವೇ ತೀರ್ಮಾನಿಸಬೇಕು. ಪಹಣಿಯನ್ನು ಮತ್ತೆ ತೆಗೆಸಬಹುದು, ಅಡಿಕೆ ಮಂಡಿಯ ಲೆಕ್ಕದ ಪ್ರತಿ ಮಂಡಿಯಲ್ಲಿಯೂ ಇರುತ್ತದೆ. 2009ರ ಜುಲೈಯಲ್ಲಿ ನಮ್ಮ ಅಂಗಳದಲ್ಲಿ ಬಿದ್ದ ಮಳೆಯ ಲೆಕ್ಕ ಇನ್ಯಾರ ಬಳಿಯೂ ಇಲ್ಲ.

ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಎಂಬ ವರದಿಯನ್ನು ನಮ್ಮ ಡಿಸ್ಕಿನಿಂದ ಆಮೇಲೆ ತೆಗೆದು ನೋಡಿದೆ. ಕೆಟ್ಟ ಸೆಕ್ಟರ್, ಅಂದರೆ ಓದಲು ಬಾರದ ಭಾಗ, ಒಂದೂ ಇರಲಿಲ್ಲ. ಅಂಗಡಿಯಲ್ಲಿ ಹೋಗಿದೆ ಎಂದು ತೀರ್ಮಾನವಾದ ದಿನವೂ ಅದು ಗಟ್ಟಿಮುಟ್ಟಾಗಿಯೇ ಇತ್ತು.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ರಿಪೇರಿ ಮಾಡುವ ಗೆಳೆಯರಲ್ಲಿ ನನ್ನದೊಂದು ಕೋರಿಕೆಯಿದೆ. ಲ್ಯಾಪ್‌ಟಾಪ್ ಕೈಗೆ ತೆಗೆದುಕೊಳ್ಳುವಾಗಲೇ ಒಳಗೆ ಏನಿದೆ, ಬೇರೆ ಕಡೆ ನಕಲು ಇದೆಯೇ ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆದುಕೊಳ್ಳಿ. ಪರೀಕ್ಷಿಸಿದ್ದಕ್ಕೆ ಬೇರೆಯೇ ಶುಲ್ಕ ಹೇಳಿ, ಕೊಡಲು ನಾವು ಸಿದ್ಧರಿದ್ದೇವೆ. ಗಿರಾಕಿಗಳಲ್ಲಿಯೂ ಒಂದು ಕೋರಿಕೆ: ಹೊಸ ಡಿಸ್ಕ್ ಹಾಕಿಸಿಕೊಳ್ಳಲೇಬೇಕಾಗಿ ಬಂದರೂ ಹಳೆಯದನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕೇಳಿ ಪಡೆದು, ಒಂದು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿ, ಮೇಲೆ ತಾರೀಖು ಬರೆದು ಮನೆಗೆ ತನ್ನಿ. ಅಡಾಪ್ಟರ್ ಇರುವವರು ಯಾರಾದರೂ ಸಿಕ್ಕಾಗ ಒಮ್ಮೆ ಸಿಕ್ಕಿಸಿ ನೋಡಿ.